ಎರಡು ಕೋವಿ ಮತ್ತು ಕೊಡಗಿನ ಮಳೆ: ನನ್ನ ಅನುಭವ

ನಮ್ಮ ಮನೆಯಲ್ಲಿ ಎರಡು ಕೋವಿಗಳಿವೆ. ಒಂದು ಅಜ್ಜನ ಕಾಲದ, ನಳಿಗೆಯ ಬಾಯಿಯಿಂದ ಮದ್ದು ತುಂಬಿ ಕೇಪಿನಿಂದ ಹೊತ್ತಿಸುವ ಕೇಪಿನ ಕೋವಿ, ಇನ್ನೊಂದು ಅಪ್ಪ ಕೊಂಡ ಹನ್ನೆರಡು ಬೋರಿನ ಜೋಡುನಳಿಗೆ. ಎರಡನ್ನೂ ತಂದದ್ದು ಬೇಟೆಗಾಗಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಆದರೆ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿ ಮುಂದುವರಿದಿದ್ದು, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಹೀಗಾಗಿ ಈಗ ಕೋವಿ ಹೊರಗೆ ಬರುವುದು ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ, ಸುಗ್ಗಿಯ ಹಬ್ಬವಾದ ಪುತ್ತರಿಗೆ, ಮನೆತನದಲ್ಲಿ ಹುಟ್ಟು ಅಥವಾ ಸಾವು ಆದಾಗ. ಎಲ್ಲ ಸೇರಿ ವರ್ಷಕ್ಕೆ ನಾಲ್ಕಾರು ದಿನ. ದಿನವೂ ಕೋವಿ ಹಿಡಿಯುತ್ತಿದ್ದ ಅಜ್ಜನಿಗೆ ಅದರೊಳಗೆ ಏನಿದೆ ಎಂಬುದು ಗೊತ್ತಿರುತ್ತಿತ್ತು. ವರ್ಷವಿಡೀ ಬೀರುವಿನಲ್ಲಿ ನಿಂತಿರುವ ಕೋವಿಯ ಬಗ್ಗೆ ನಮಗಿರುವುದು ಊಹೆ ಮಾತ್ರ, ಮತ್ತು ಆ ಊಹೆ ಎಷ್ಟು ಅಪಾಯಕಾರಿ ಎಂಬುದನ್ನು ನಾನು ಇಪ್ಪತ್ತರ ಹರೆಯದಲ್ಲಿಯೇ ಕಂಡೆ.

ಅಜ್ಜ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕೈಲ್ ಪೊಳ್ದ್ ಹತ್ತಿರ ಬಂದಿದ್ದರಿಂದ ಕೇಪಿನ ಕೋವಿಯನ್ನು ಒರೆಸಲು ಕೆಳಗಿಳಿಸಿದ್ದೆ. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ನಳಿಗೆಯ ಬಾಯಿ ಅವರ ಕಡೆಗೇ ಇತ್ತು. ಅಪ್ಪ ಒಳಗಿನಿಂದ ಬಂದವರು ಮಾತಾಡದೆ ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಯಿಯನ್ನು ಅಂಗಳದಾಚೆಯ ಬರೆಯ (ಮಣ್ಣಿನ ದಿಬ್ಬದ) ಕಡೆಗೆ ತಿರುಗಿಸಿ, ಮದ್ದು ತುಂಬುವ ಸರಳಾದ ಗಜವನ್ನು ಎಳೆದು ನಳಿಗೆಯೊಳಗೆ ಮೆಲ್ಲನೆ ಇಳಿಸಿದರು. ಖಾಲಿ ಕೋವಿಯಲ್ಲಿ ಆ ಗಜ ನಳಿಗೆಯ ಬಾಯಿಗೆ ಬಹುತೇಕ ಸಮನಾಗಿ ನಿಲ್ಲಬೇಕು. ಅಂದು ಅದು ನಾಲ್ಕು ಬೆರಳು ಮೇಲೆಯೇ ನಿಂತಿತು. ಅಜ್ಜ ಯಾವಾಗಲೋ ತುಂಬಿಟ್ಟ ಈಡು ಇನ್ನೂ ಒಳಗೇ ಇತ್ತು. ಕೇಪು ಇರಲಿಲ್ಲ ಎಂಬುದೊಂದೇ ಸಮಾಧಾನ. ಕರಿಮದ್ದು ಒಣಗಿಕೊಂಡಿದ್ದರೆ ಎಷ್ಟು ವರ್ಷಗಳಾದರೂ ಹೊತ್ತಿಕೊಳ್ಳುತ್ತದೆ. ಅದನ್ನು ನಾವೇ ಕೆದಕದೆ, ಕೋವಿ ರಿಪೇರಿ ಮಾಡುವ ಅನುಭವಿಯೊಬ್ಬರ ಬಳಿಗೆ ಒಯ್ದು ತೆಗೆಸಿದೆವು. ಆ ದಿನವೇ ಗಜದ ಮೇಲೆ ಚಾಕುವಿನಿಂದ ಖಾಲಿ ಮಟ್ಟದ ಗೆರೆಯೊಂದನ್ನು ಕೊರೆದೆ. ಈಗ ಆ ಕೋವಿಯನ್ನು ಯಾರೇ ಮುಟ್ಟಿದರೂ ಮೊದಲು ಗಜ ಇಳಿಸಿ ಗೆರೆ ನೋಡಲೇಬೇಕು.

ಜೋಡುನಳಿಗೆಯ ವಿಷಯ ಇನ್ನೂ ಸುಲಭ, ಏಕೆಂದರೆ ಅದನ್ನು ಮಡಚಿದರೆ ಎರಡು ತೋಟೆಯ ಮನೆಗಳೂ ಕಣ್ಣಿಗೆ ಕಾಣುತ್ತವೆ. ನಾನು ಕೋವಿಯನ್ನು ಮಡಚಿಯೇ ಇನ್ನೊಬ್ಬರ ಕೈಗೆ ಕೊಡುತ್ತೇನೆ, ಮಡಚಿಯೇ ಪಡೆಯುತ್ತೇನೆ. ಕೊಡುವವರು ಈಗ ತಾನೇ ನೋಡಿದ್ದರೂ ಪಡೆದ ಮೇಲೆ ನಾನೂ ನೋಡುತ್ತೇನೆ. ಇದರಿಂದ ಯಾರೂ ಬೇಸರಿಸಿಕೊಳ್ಳಬಾರದು. ಸೇಫ್ಟಿ ಕ್ಯಾಚ್ ಹಾಕಿದೆ ಎಂಬ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಹಳಷ್ಟು ಕೋವಿಗಳಲ್ಲಿ ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಹಳೆಯ ಕೋವಿ ಕೆಳಗೆ ಬಿದ್ದಾಗ ಒಳಗಿನ ಹ್ಯಾಮರ್ ಜಾರುವುದನ್ನು ತಡೆಯುವುದಿಲ್ಲ. ತೋಟದ ಬೇಲಿಯೋ ತೋಡೋ ದಾಟಬೇಕಾದರೆ ಮೊದಲು ತೋಟೆಗಳು ಹೊರಬಂದು ಜೇಬು ಸೇರಬೇಕು.

ನಳಿಗೆಯೊಳಗೆ ಇಣುಕುವ ಅಭ್ಯಾಸವನ್ನು ನನಗೆ ಕಲಿಸಿದ್ದು ಒಂದು ಕುಂಬಾರ ಹುಳ. ಒಮ್ಮೆ ಬೇಸಿಗೆಯ ಕೊನೆಯಲ್ಲಿ ಕೋವಿ ಬಿಚ್ಚಿ, ನಳಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದಾಗ ಬಲಗಡೆಯದು ಬೆಳ್ಳಿಯ ಬಳೆಯಂತೆ ಹೊಳೆಯಿತು. ಎಡಗಡೆಯದು ಪೂರ್ತಿ ಕತ್ತಲಾಗಿತ್ತು. ಬಾಯಿಯಿಂದ ಒಂದು ಗೇಣು ಒಳಗೆ ಹುಳ ಮಣ್ಣಿನ ಗೂಡು ಕಟ್ಟಿ, ಅದರೊಳಗೆ ಹಸಿರು ಮರಿಹುಳುಗಳನ್ನು ತುಂಬಿಟ್ಟಿತ್ತು. ಹಾಗೆಯೇ ಗುಂಡು ಹೊಡೆದಿದ್ದರೆ ಒತ್ತಡ ಮುಂದೆ ಹೋಗಲು ದಾರಿಯಿಲ್ಲದೆ ನಳಿಗೆ ಅಲ್ಲಿಯೇ ಸೀಳುತ್ತಿತ್ತು. ಗಾತ್ರದಲ್ಲಿ ಸಣ್ಣದಾದ ಇಪ್ಪತ್ತು ಬೋರಿನ ತೋಟೆ ತಪ್ಪಿ ಹನ್ನೆರಡು ಬೋರಿನೊಳಗೆ ಬಿದ್ದರೂ ಇದೇ ಗತಿ: ಅದು ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಮನೆ ಖಾಲಿ ಕಾಣುತ್ತದೆ, ಅದರ ಹಿಂದೆ ಇನ್ನೊಂದು ತೋಟೆ ಹಾಕಲು ಬರುತ್ತದೆ. ಆದ್ದರಿಂದ ಎರಡು ಬೋರಿನ ತೋಟೆಗಳು ಒಂದೇ ಡಬ್ಬಿಯಲ್ಲಿ ಇರಬಾರದು. ಹಳೆಯ ಕೋವಿಗಳಲ್ಲಿ ಹಲವಕ್ಕೆ 65 ಮಿಲಿಮೀಟರ್ ಉದ್ದದ ಮನೆ ಇರುವುದರಿಂದ, 70 ಮಿಲಿಮೀಟರ್‌ನ ತೋಟೆ ಹಾಕುವ ಮೊದಲು ನಳಿಗೆಯ ಬುಡದಲ್ಲಿ ಒತ್ತಿರುವ ಗುರುತನ್ನು ಓದಬೇಕು. ತೋಟೆ ಒಳಗೆ ಕೂರುತ್ತದೆ ಎಂಬ ಕಾರಣಕ್ಕೆ ಸರಿಹೊಂದಿತು ಎಂದು ತಿಳಿಯಬಾರದು.

ಒಮ್ಮೆ ತೋಟೆ ಠುಸ್ ಎಂದು ಸುಮ್ಮನಾದಾಗ ಪಕ್ಕದಲ್ಲಿದ್ದ ತಮ್ಮ ಕೋವಿ ಮಡಚಲು ಕೈ ಹಾಕಿದ. ನಾನು ತಡೆದು, ಬಾಯಿಯನ್ನು ಬರೆಯ ಕಡೆಗೇ ಹಿಡಿದು, ಪೂರ್ತಿ ಒಂದು ನಿಮಿಷ ನಿಂತೆ. ತೇವ ಕುಡಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಕೇಪಿನ ಕೋವಿಯಲ್ಲಿ ಇದಕ್ಕಿಂತಲೂ ಹೆಚ್ಚು ಹೊತ್ತು ಕಾಯುತ್ತೇನೆ.

ಇನ್ನು ಮಳೆ. ಮಡಿಕೇರಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಯಲ್ಲಿ ಕಬ್ಬಿಣವನ್ನು ಉಳಿಸಿಕೊಳ್ಳುವುದು ದೊಡ್ಡ ಕೆಲಸ. ನಮ್ಮ ಹಿರಿಯರು ತೆಂಗಿನೆಣ್ಣೆ ಸವರುತ್ತಿದ್ದರು, ನಾನೂ ಕೆಲವು ವರ್ಷ ಹಾಗೆಯೇ ಮಾಡಿದೆ. ಆದರೆ ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಪುತ್ತರಿಯ ಚಳಿಯಲ್ಲಿ ಒಮ್ಮೆ ಕೋವಿ ಹೊಡೆಸುವ ಒಳಗಿನ ಯಂತ್ರವೇ ಬಿಗಿದುಕೊಂಡಿತು. ಈಗ ಬಳಸುವುದು ತೆಳುವಾದ ಗನ್ ಎಣ್ಣೆ ಮಾತ್ರ, ಅದೂ ಬಟ್ಟೆಗೆ ಎರಡು ಹನಿ. ಮರದ ದಸ್ತಿಗೆ (ಹೆಗಲಿಗೆ ಆನಿಸುವ ಹಿಂಬದಿಯ ಭಾಗಕ್ಕೆ) ವರ್ಷಕ್ಕೊಮ್ಮೆ ಅಗಸೆ ಎಣ್ಣೆ. ಎಣ್ಣೆ ಹಾಕಿದ ಮೇಲೆ ಒಂದು ರಾತ್ರಿ ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸುತ್ತೇನೆ. ಇಲ್ಲವಾದರೆ ಎಣ್ಣೆ ಹಿಂದಕ್ಕೆ ಹರಿದು ದಸ್ತಿಯ ಮರ ಮೆತ್ತಗಾಗುತ್ತದೆ. ಕರಿಮದ್ದು ಹೊಡೆದ ದಿನವಂತೂ ಮೈಕೈ ತೊಳೆಯುವ ಮೊದಲು ಕೋವಿ ತೊಳೆಯಬೇಕು, ಯಾಕೆಂದರೆ ಆ ಮಸಿ ಗಾಳಿಯ ನೀರನ್ನು ಎಳೆದುಕೊಂಡು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಆ ಮಸಿ ಕರಗುವುದಿಲ್ಲ. ಸೋಪು ಬೆರೆಸಿದ ಬಿಸಿನೀರು, ಆಮೇಲೆ ಬರೀ ಬಿಸಿನೀರು, ಒಣ ಬಟ್ಟೆ, ಕೊನೆಗೆ ಎಣ್ಣೆ.

ತೊಗಲಿನ ಚೀಲ ಸಾಗಿಸುವುದಕ್ಕಷ್ಟೇ. ಅದರಲ್ಲಿಯೇ ಮಳೆಗಾಲ ಕಳೆದ ನಮ್ಮ ಜೋಡುನಳಿಗೆಯ ಮೇಲೆ ಚೀಲದ ಹೊಲಿಗೆಯ ಗುರುತು ತುಕ್ಕಿನ ಗೆರೆಯಾಗಿ ಇಂದಿಗೂ ಉಳಿದಿದೆ. ಈಗ ಎರಡೂ ಕೋವಿಗಳು ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇವೆ. ತೋಟೆಗಳು ಬೇರೆ ಕೋಣೆಯ ಬೇರೆ ಬೀಗದೊಳಗೆ. ಜೋಡುನಳಿಗೆಯ ಮುಂಗೈ ಹಿಡಿಯುವ ಮರದ ತುಂಡನ್ನು ಕಳಚಿ ಮೂರನೆಯ ಜಾಗದಲ್ಲಿ ಇಟ್ಟಿದ್ದೇನೆ. ಬೀರು ಒಡೆದವನಿಗೂ ಪೂರ್ತಿ ಕೋವಿ ಸಿಗಬಾರದು ಎಂಬುದು ನನ್ನ ಉದ್ದೇಶ. ಬೀಗದ ಕೈ ಎಲ್ಲಿದೆ ಎಂಬುದು ಮನೆಯಲ್ಲಿ ಇಬ್ಬರಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ.

ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ನಂದು ಕೋವಿಗಳನ್ನು ನಡುಮನೆಯಲ್ಲಿಟ್ಟು ಗಂಧ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಉಳಿದ ಕಡೆ ಅಗ್ನಿಶಿಖೆ ಎನ್ನುವ ಕೆಂಪು ಹಳದಿಯ ಹೂವು ಅದು. ಪೂಜೆ ಮುಗಿದ ಕೂಡಲೇ ತೆಂಗಿನಕಾಯಿಗೆ ಗುರಿಯಿಡಲು ಹುಡುಗರು ಆತುರಪಡುತ್ತಾರೆ. ನಾನು ಸಿಕ್ಕಿಸಿದ ಹೂವುಗಳನ್ನು ಮೊದಲೇ ಎಣಿಸಿರುತ್ತೇನೆ, ತೆಗೆಯುವಾಗ ಮತ್ತೆ ಎಣಿಸುತ್ತೇನೆ. ಒದ್ದೆ ಗಂಧವನ್ನು ಒರೆಸಿ, ಜೋಡುನಳಿಗೆಯನ್ನು ಮಡಚಿ ಬೆಳಕಿಗೆ ಹಿಡಿಯುತ್ತೇನೆ. ಎರಡೂ ನಳಿಗೆಗಳ ತುದಿಯಲ್ಲಿ ಆಕಾಶ ದುಂಡಗೆ ಕಂಡ ಮೇಲೆಯೇ ತೋಟೆಯ ಡಬ್ಬಿಯ ಬೀಗ ತೆಗೆಯುವುದು.