ಒಮ್ಮೆ ತೋರಿಸಿದ ದಾರಿ: ಜಿಪಿಎಸ್ ಇಲ್ಲದೆ ಹೊರೆ ಹೊರುವ ಬಂಡಿ ಮಾಡಿದ ನನ್ನ ಅನುಭವ

ಸೈನಿಕರಿಗೆ ಸಾಮಾನು ಒಯ್ಯಲು ನಾವು ಮಾಡಿದ, ಚಾಲಕನಿಲ್ಲದ ವಿದ್ಯುತ್ ಬಂಡಿ ಕಳೆದ ಚಳಿಗಾಲದಲ್ಲಿ, ಬೆಳಕು ಇನ್ನೂ ಸರಿಯಾಗಿ ಹರಿಯದ ಹೊತ್ತಿನಲ್ಲಿ, ಸುಮಾರು 80 ಕಿಲೋ ಹೊರೆ ಹೊತ್ತು ಎತ್ತರದ ಒಂದು ಸೇನಾ ಠಾಣೆಗೆ ಹತ್ತಿತು. ಹೊರೆ ಇಳಿಸಿದ ಮೇಲೆ ಅದೇ ದಾರಿಯಲ್ಲಿ ಇಳಿದು ಬಂತು. ಯಾರೂ ರಿಮೋಟ್ ಮುಟ್ಟಲಿಲ್ಲ. ಜಿಪಿಎಸ್ ಆಂಟೆನಾವನ್ನು ಹೊರಡುವ ಮೊದಲೇ ಕಳಚಿಟ್ಟಿದ್ದೆವು. ಲೇಸರ್ ಕಿರಣ ಬಿಟ್ಟು ಸುತ್ತಲಿನ ದೂರ ಅಳೆಯುವ ಲೈಡಾರ್ ಇರಲೇ ಇಲ್ಲ. ಜಾಗ ಯಾವುದು, ಯಾವ ದಳ ಎಂಬುದನ್ನು ಬರೆಯುವಂತಿಲ್ಲ. ಹೋಗಿ ಬರುವ ದೂರ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿತ್ತು ಎನ್ನಬಹುದು. ಲೈಡಾರ್ ಇಲ್ಲದ ಯಂತ್ರ ಬೆಟ್ಟ ಹತ್ತಲಾರದು ಎಂದು ಬೆಂಗಳೂರಿನ ಹೊರವರ್ತುಲ ರಸ್ತೆಯ ದೊಡ್ಡ ಕಚೇರಿಗಳಲ್ಲಿ ಕುಳಿತವರು ನನಗೆ ಪಾಠ ಹೇಳಿದ್ದರು. ಒಬ್ಬ ಪ್ರಾಧ್ಯಾಪಕರು, ಪೀಣ್ಯದ ಶೆಡ್ಡಿನಲ್ಲಿ ಆಗುವ ಕೆಲಸ ಇದಲ್ಲ ಎಂದು ಮುಖಕ್ಕೇ ಹೇಳಿದರು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಹೊಸಬರಾದವರಿಗೆ ಎರಡು ಮಾತು: ಸ್ಟೀರಿಯೊ ಕ್ಯಾಮೆರಾ ಎಂದರೆ ಎರಡು ಕಣ್ಣುಗಳಂತೆ ಜೋಡಿಯಾಗಿ ನೋಡಿ ದೂರ ಅಳೆಯುವ ಕ್ಯಾಮೆರಾ, ಟ್ರ್ಯಾಕ್ ಎಂದರೆ ಟ್ಯಾಂಕಿಗಿರುವಂಥ ಉರುಳುಪಟ್ಟಿ. ಜಿಪಿಎಸ್ ಯಾಕೆ ಬೇಡ ಎಂಬುದು ಈಗ ಎಲ್ಲರಿಗೂ ತಿಳಿದಿದೆ. ಉಕ್ರೇನಿನಲ್ಲಿ ಎರಡೂ ಕಡೆಯವರು ಉಪಗ್ರಹ ಸಂಕೇತವನ್ನೂ ರೇಡಿಯೊವನ್ನೂ ಜ್ಯಾಮ್ ಮಾಡಿದ (ಅಡ್ಡಿ ಸಂಕೇತ ಬಿಟ್ಟು ಕೆಡಿಸಿದ) ಮೇಲೆ, 2024ರಿಂದ ಡ್ರೋನುಗಳು ಕೂದಲೆಳೆಯಷ್ಟು ತೆಳುವಾದ ಆಪ್ಟಿಕಲ್ ಫೈಬರ್ ಎಂಬ ಎಳೆಯನ್ನು ಬಿಚ್ಚಿಕೊಂಡು, ಅದರ ಮೂಲಕವೇ ಆದೇಶ ಪಡೆಯುತ್ತಾ ಹಾರತೊಡಗಿದವು. ನಮ್ಮ ಬಂಡಿಯ ಮೊದಲ ಮಾದರಿಯಲ್ಲಿ ಇವೆರಡನ್ನೂ ನಂಬಿದ್ದೆವು: ಬಯಲಿನಲ್ಲಿ ಜಿಪಿಎಸ್, ಕಣಿವೆಯಲ್ಲಿ ರಿಮೋಟ್. ಮಾಗಡಿ ರಸ್ತೆಯಾಚೆಯ ಹಳೆಯ ಕಲ್ಲುಕ್ವಾರಿಯ ಗೋಡೆಗಳ ನಡುವೆ ಇಳಿಯುತ್ತಿದ್ದಂತೆ ಎರಡೂ ಕೈಕೊಟ್ಟವು. ಅಲ್ಲಿ ಜ್ಯಾಮರ್ ಯಾರೂ ಇಟ್ಟಿರಲಿಲ್ಲ, ಬರೀ ಕಲ್ಲಿತ್ತು.

ಫೈಬರ್ ಪ್ರಯೋಗವನ್ನು ನಾವೂ ಮಾಡಿದೆವು. ಸುರುಳಿಯನ್ನು ಬಂಡಿಯ ಮೇಲೆಯೇ ಕೂರಿಸಿ, ಹೋಗುತ್ತಾ ಬಿಚ್ಚಿಕೊಳ್ಳುವಂತೆ ಮಾಡಿದ್ದೆವು. ಹೋಗುವಾಗ ಚಿತ್ರ ಅಚ್ಚುಕಟ್ಟಾಗಿ ಬರುತ್ತಿತ್ತು. ಹಿಂದಿರುಗುವಾಗ ತಾನೇ ಹಾಕಿದ ಎಳೆಯ ಮೇಲೆ ಟ್ರ್ಯಾಕ್ ಹಾದು, ಅದನ್ನು ಹಲ್ಲುಗಾಲಿಗೆ ಸುತ್ತಿಕೊಂಡು ನಿಂತುಬಿಡುತ್ತಿತ್ತು. ದಾಳಿ ಮಾಡುವ ಡ್ರೋನು ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಹೊರೆ ಹೊರುವ ಬಂಡಿ ಮರಳಿ ಬರಲೇಬೇಕು. ಆ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆವು.

ನಂತರ ಎಲ್ಲರೂ ಹೇಳಿದ ದಾರಿಯನ್ನೇ ಹಿಡಿದೆವು. ಕ್ಯಾಮೆರಾ ಚಿತ್ರದಲ್ಲಿ ನಡೆಯಬಹುದಾದ ನೆಲ ಯಾವುದು, ಬಂಡೆ ಯಾವುದು, ಪೊದೆ ಯಾವುದು ಎಂದು ನರಜಾಲಕ್ಕೆ, ಅಂದರೆ ಉದಾಹರಣೆ ನೋಡಿ ಕಲಿಯುವ ತಂತ್ರಾಂಶಕ್ಕೆ, ಕಲಿಸುವುದು. ರಾಮನಗರದ ಸುತ್ತಲಿನ ಇಳಿಜಾರುಗಳಲ್ಲಿ ತೆಗೆದ ಸಾವಿರಾರು ಚಿತ್ರಗಳಿಗೆ ಗುರುತು ಹಾಕಿಸಲು ಮೂರೂವರೆ ಲಕ್ಷದವರೆಗೆ ಖರ್ಚಾಯಿತು. ಅದಕ್ಕೆ ಬೇಕಾದ ದೊಡ್ಡ ಗಣಕ ಫಲಕಕ್ಕೆ ಇನ್ನೂ ಒಂದೂವರೆ ಲಕ್ಷ. ಅದು ಬ್ಯಾಟರಿಯನ್ನು ಮೋಟಾರಿನ ಜೊತೆ ಪೈಪೋಟಿಗೆ ಬಿದ್ದು ತಿನ್ನುತ್ತಿತ್ತು. ರಾಮನಗರದ ಬಂಡೆಯನ್ನು ಚೆನ್ನಾಗಿ ಕಲಿತ ಜಾಲ ಕೋಲಾರದ ಕೆಂಪು ಮಣ್ಣನ್ನು ಕಂಡೊಡನೆ ತಡಬಡಾಯಿಸಿತು. ಲಡಾಖಿನ ನೆಲದ ಚಿತ್ರಗಳನ್ನು ತೋರಿಸಿದಾಗ ಎಲ್ಲವನ್ನೂ ರಸ್ತೆ ಎಂದಿತು. ಆಗ ಮನೆಯ ಮೇಲಿನ ಸಾಲ 30 ಲಕ್ಷ ದಾಟಿತ್ತು.

ದಾರಿ ತೋರಿಸಿದವರು ಕೊಡಗಿನ ಒಬ್ಬ ನಿವೃತ್ತ ಸುಬೇದಾರರು. ಅವರು ಸೇನೆಯಲ್ಲಿ ಹೇಸರಗತ್ತೆಗಳ ಸಾಗಣೆಯನ್ನು ವರ್ಷಗಟ್ಟಲೆ ನೋಡಿಕೊಂಡವರು. ಕ್ವಾರಿಯಲ್ಲಿ ನಮ್ಮ ಪರದಾಟವನ್ನು ಅರ್ಧ ದಿನ ನೋಡಿ ಅವರು ಕೇಳಿದರು: "ಸಾರ್, ನಿಮ್ಮ ಯಂತ್ರಕ್ಕೆ ಪ್ರಪಂಚವೆಲ್ಲ ಯಾಕೆ ಗೊತ್ತಿರಬೇಕು? ನಮ್ಮ ಕತ್ತೆಗಳಿಗೆ ಒಂದು ಠಾಣೆಯ ದಾರಿ ಗೊತ್ತಿದ್ದರೆ ಸಾಕಾಗಿತ್ತು. ಎರಡು ಮೂರು ಸಲ ನಡೆಸಿದ ಮೇಲೆ ಲಗಾಮು ಹಿಡಿಯುವ ಅಗತ್ಯವೂ ಇರಲಿಲ್ಲ."

ಒಮ್ಮೆ ದಾರಿ ತೋರಿಸಿ ಮತ್ತೆ ಅದರಲ್ಲೇ ಯಂತ್ರವನ್ನು ನಡೆಸುವುದು ಹೊಸ ವಿದ್ಯೆಯೇನೂ ಅಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಫರ್ಗೇಲ್ ಮತ್ತು ಬಾರ್ಫುಟ್ 2010ರಲ್ಲೇ ಸ್ಟೀರಿಯೊ ಕ್ಯಾಮೆರಾದಿಂದ ದಾರಿ ಕಲಿತು ಮರಳಿ ನಡೆಯುವ ವಿಧಾನವನ್ನು ಪ್ರಕಟಿಸಿದ್ದರು. ನಾನು ಅದನ್ನು ಓದಿ ಬದಿಗಿಟ್ಟಿದ್ದೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2004ರಲ್ಲಿ ನಡೆಸಿದ ಚಾಲಕರಿಲ್ಲದ ಗಾಡಿಗಳ ಸ್ಪರ್ಧೆಯಲ್ಲಿ 240 ಕಿಲೋಮೀಟರ್ ಮರುಭೂಮಿಯ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದ ಗಾಡಿಯೂ 12 ಕಿಲೋಮೀಟರ್ ದಾಟಲಿಲ್ಲ. ಮರುವರ್ಷವೇ ಐದು ಗಾಡಿಗಳು ಗುರಿ ಮುಟ್ಟಿದವು. ಕಾಣದ ದಾರಿಯಲ್ಲಿ ಹೋಗುವುದೇ ಜಾಣತನ ಎಂಬ ಆ ಸ್ಪರ್ಧೆಯ ಗುಂಗು ನಮ್ಮ ಕ್ಷೇತ್ರವನ್ನು ಇನ್ನೂ ಬಿಟ್ಟಿಲ್ಲ. ಆದರೆ ಮುಂಚೂಣಿಯ ಠಾಣೆಗೆ ದಿನವೂ ಒಂದೇ ದಾರಿಯಲ್ಲಿ ಸೀಮೆಎಣ್ಣೆ, ನೀರು, ಅಕ್ಕಿ ಹೋಗುತ್ತದೆ. ಆ ದಾರಿಯಲ್ಲಿ ನೆಲಬಾಂಬು ಇಲ್ಲ, ಹಿಮ ಕುಸಿಯುವುದಿಲ್ಲ ಎಂದು ನಿರ್ಧರಿಸಿದವನು ಅಲ್ಲಿಯ ಸೈನಿಕ. ಅವನು ಆರಿಸಿದ ದಾರಿಯನ್ನು ಬದಲಿಸುವ ಬುದ್ಧಿ ಯಂತ್ರಕ್ಕೆ ಇರಬಾರದು. ಈ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ ಉಳಿದದ್ದೆಲ್ಲ ದುಡಿಮೆ.

ಕೆಲಸ ಹೀಗೆ ನಡೆಯುತ್ತದೆ. ಮೊದಲ ಸಲ ಸೈನಿಕನೊಬ್ಬ ರಿಮೋಟಿನಲ್ಲಿ ಬಂಡಿಯನ್ನು ನಡೆಸಿಕೊಂಡು ಹೋಗುತ್ತಾನೆ. ಸುಮಾರು ಅರ್ಧ ಮೀಟರಿಗೊಮ್ಮೆ ಬಂಡಿ ಒಂದು ಚಿತ್ರ ತೆಗೆದು, ಅದರಲ್ಲಿನ ಗಟ್ಟಿ ಬಿಂದುಗಳನ್ನು, ಅಂದರೆ ಬಂಡೆಯ ಮೂಲೆ, ಬಿರುಕು, ಕಲ್ಲಿನ ಅಂಚು ಇಂಥವನ್ನು, ದೂರದ ಸಮೇತ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಕಂಡ ಬಿಂದುಗಳನ್ನು ಹಳೆಯವುಗಳ ಜೊತೆ ಹೊಂದಿಸಿ, ಎಷ್ಟು ಎಡಕ್ಕೆ ಸರಿದಿದ್ದೇನೆ, ಎಷ್ಟು ತಿರುಗಿದ್ದೇನೆ ಎಂದು ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಮರಳಿ ಬರುವಾಗಿನ ನೋಟಕ್ಕೆ ಹಿಂದೆ ಇನ್ನೊಂದು ಜೋಡಿ ಕ್ಯಾಮೆರಾ. ಇಡೀ ಪ್ರಪಂಚದ ನಕ್ಷೆ ಬೇಡ, ಮುಂದಿನ ಕೆಲವು ಮೀಟರು ಸರಿಯಿದ್ದರೆ ಸಾಕು. ದೊಡ್ಡ ಫಲಕವನ್ನು ತೆಗೆದು 40 ಸಾವಿರದೊಳಗಿನ ಸಣ್ಣದನ್ನು ಹಾಕಿದೆವು. ಎರಡು ಜೋಡಿ ಕ್ಯಾಮೆರಾಗಳಿಗೆ 70-75 ಸಾವಿರ ಬಿದ್ದಿರಬೇಕು. ಆಗ ಒಳ್ಳೆಯ ಲೈಡಾರಿಗೆ ಐದಾರು ಲಕ್ಷ ಕೇಳುತ್ತಿದ್ದರು.

ಮೊದಲ ವಾರದಲ್ಲೇ ಕ್ವಾರಿಯಲ್ಲಿ ಅದು ಅದ್ಭುತವಾಗಿ ಓಡಿತು. ಸಂಜೆ ಮಾತ್ರ ಓಡಲಿಲ್ಲ. ಬೆಳಿಗ್ಗೆ ಕಲಿತ ದಾರಿಯಲ್ಲಿ ಮುನ್ನೂರು ನಾನ್ನೂರು ಬಿಂದುಗಳು ಹೊಂದುತ್ತಿದ್ದವು. ಸಂಜೆ ಐದರ ಹೊತ್ತಿಗೆ ಅವು ಇಪ್ಪತ್ತಕ್ಕೆ ಇಳಿದವು. ಬಂಡೆಗಳು ಅವೇ, ನೆರಳು ಮಾತ್ರ ಬೇರೆ ಬದಿಗೆ ಬಿದ್ದಿತ್ತು. ಕ್ಯಾಮೆರಾ ಗಟ್ಟಿ ಎಂದುಕೊಂಡದ್ದರಲ್ಲಿ ಅರ್ಧಕ್ಕರ್ಧ ನೆರಳಿನ ಅಂಚುಗಳಾಗಿದ್ದವು. ಬೇರೆ ಬೇರೆ ಹೊತ್ತಿನಲ್ಲಿ ಅದೇ ದಾರಿಯನ್ನು ಕಲಿಸಿ ನೆನಪುಗಳನ್ನು ಒಟ್ಟುಗೂಡಿಸುವುದು ಎಲ್ಲರಿಗೂ ತಿಳಿದ ಉಪಾಯ, ನಾವೂ ಅದನ್ನೇ ಮಾಡಿದೆವು. ಆದರೆ ಯುದ್ಧದ ಹೊತ್ತಿನಲ್ಲಿ ಸೈನಿಕನಿಗೆ ದಿನಕ್ಕೆ ನಾಲ್ಕು ಸಲ ಪಾಠ ಹೇಳಿಕೊಡುವ ಪುರುಸೊತ್ತು ಎಲ್ಲಿದೆ? ನೆರಳಿನ ಅಂಚನ್ನೂ ಕಲ್ಲಿನ ಅಂಚನ್ನೂ ಒಂದೇ ಪಾಠದಲ್ಲಿ ಬೇರ್ಪಡಿಸುವ ಒಂದು ಕ್ರಮವನ್ನು ಕೊನೆಗೂ ಕಂಡುಕೊಂಡೆವು. ಎರಡು ಕ್ಯಾಮೆರಾಗಳೂ ಸೂರ್ಯನ ದಿಕ್ಕೂ ಅದರಲ್ಲಿ ಸೇರಿವೆ ಎಂಬಷ್ಟನ್ನು ಹೇಳುತ್ತೇನೆ. ಉಳಿದದ್ದು ನಮ್ಮ ಅನ್ನ.

ರಾತ್ರಿಗೆಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಹಾಕಿದೆವು. ದೀಪ ನಮ್ಮದೇ ಆದ್ದರಿಂದ ನೆರಳು ಪ್ರತಿ ರಾತ್ರಿಯೂ ಒಂದೇ ರೀತಿ, ಹೊಂದಾಣಿಕೆ ಹಗಲಿಗಿಂತ ಚೆನ್ನಾಗಿತ್ತು. ಹಿಗ್ಗಿನಿಂದ ಸುಬೇದಾರರನ್ನು ಕರೆಸಿ ತೋರಿಸಿದೆ. ಅವರು ತಲೆಯಾಡಿಸಿದರು. "ನಿಮ್ಮ ಕಣ್ಣಿಗೆ ಕಾಣದಿರಬಹುದು ಸಾರ್. ರಾತ್ರಿಯಲ್ಲೂ ಕಾಣಿಸುವ ದುರ್ಬೀನು ಹಿಡಿದು ಎದುರು ಗುಡ್ಡದಲ್ಲಿ ಕುಳಿತವನಿಗೆ ದೀಪ ಬರುತ್ತಿರುವುದೂ ಕಾಣುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೂ ಕಾಣುತ್ತದೆ." ಠಾಣೆಯ ಜಾಗವನ್ನು ಶತ್ರುವಿಗೆ ಬೆರಳು ಮಾಡಿ ತೋರಿಸುವ ಯಂತ್ರ ಬೇಡವೆಂದು ಅದೇ ರಾತ್ರಿ ದೀಪಗಳನ್ನು ಬಿಚ್ಚಿಸಿದೆ.

ಹಾಗಾಗಿ ದೀಪವೇ ಬೇಡದ ಶಾಖದ ಕ್ಯಾಮೆರಾಕ್ಕೆ ಹೋಗಬೇಕಾಯಿತು, ಮೂರು ಲಕ್ಷದ ಆಸುಪಾಸು. ನಡುರಾತ್ರಿಯಲ್ಲಿ ಅದು ಬಂಡೆಯನ್ನೂ ಮಣ್ಣನ್ನೂ ಬಿಡಿಸಿ ತೋರಿಸುತ್ತದೆ. ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಮಾತ್ರ ಕಲ್ಲು, ಮಣ್ಣು, ಗಿಡಗಳ ಉಷ್ಣತೆ ಒಂದೇ ಮಟ್ಟಕ್ಕೆ ಬರುವ ಹೊತ್ತೊಂದಿದೆ. ಆಗ ಚಿತ್ರವೆಲ್ಲ ಒಂದೇ ಬೂದು ಬಣ್ಣವಾಗುತ್ತದೆ. ಇದನ್ನು ದೋಷವೆಂದು ಶಪಿಸುತ್ತಿದ್ದಾಗ ನಮ್ಮ ಹುಡುಗನೊಬ್ಬ, ಅದೇ ಹೊತ್ತಿಗೆ ಮಾಮೂಲಿ ಕ್ಯಾಮೆರಾಕ್ಕೆ ಬೇಕಾದಷ್ಟು ಬೆಳಕು ಇರುತ್ತದಲ್ಲ ಎಂದ. ಒಂದು ಕಣ್ಣು ಮಂಜಾಗುವಾಗ ಇನ್ನೊಂದು ತೆರೆದಿರುತ್ತದೆ. ಎರಡರ ನಡುವೆ ಜವಾಬ್ದಾರಿ ಯಾವ ಕ್ಷಣದಲ್ಲಿ, ಯಾವ ಲೆಕ್ಕದಲ್ಲಿ ಕೈ ಬದಲಾಗುತ್ತದೆ ಎಂಬುದನ್ನು ಬರೆಯುವುದಿಲ್ಲ. ಎತ್ತರದ ಪರೀಕ್ಷೆಗೆ ನಸುಕಿನ ಹೊತ್ತನ್ನೇ ನಾನು ಕೇಳಿ ಪಡೆದದ್ದು ಈ ಧೈರ್ಯದಿಂದ.

ಇಲ್ಲಿ ಹಿಮ ಎಲ್ಲಿಂದ ತರುವುದು? ಕ್ರಷರಿನ ಕಲ್ಲುಪುಡಿಯನ್ನು ಎರಡು ಲಾರಿ ತರಿಸಿ ದಾರಿಯ ಮೇಲೆ ಹರಡಿದೆವು. ಗುರುತುಗಳೆಲ್ಲ ಮುಚ್ಚಿಹೋದ ನೆಲದಲ್ಲಿ ಬಂಡಿ ದೂರದ ಬಂಡೆಗಳನ್ನೇ ಹಿಡಿದು ನಡೆಯಬೇಕು, ಅದು ನಡೆಯಿತು. ಅದಕ್ಕಿಂತ ಕಷ್ಟ ಕೊಟ್ಟದ್ದು ನೀಲಗಿರಿ ತೋಪು: ಪ್ರತಿ ಮರವೂ ಪಕ್ಕದ ಮರದಂತೆಯೇ, ಎಲೆಗಳು ಗಾಳಿಗೆ ಸುಮ್ಮನಿರುವುದಿಲ್ಲ. ತೋಪಿನಲ್ಲಿ ಗೆದ್ದ ಮೇಲೆ ಬೆಟ್ಟ ಸುಲಭವೆನ್ನಿಸಿತು. ಹೊಸ ಹಿಮ ಒಂದಡಿಗಿಂತ ಹೆಚ್ಚು ಬಿದ್ದರೆ ದಾರಿಯನ್ನು ಇನ್ನೊಮ್ಮೆ ಕಲಿಸಲೇಬೇಕು. ಆಗದು ಎನ್ನುವವರಿಗೆ ನಾನು ಮಾರುವುದಿಲ್ಲ.

ಚಳಿಯ ಪರೀಕ್ಷೆ ನಡೆದದ್ದು ಯಶವಂತಪುರದ ಕಡೆಯ ಒಂದು ಶೀತಲಗೃಹದಲ್ಲಿ. ಐಸ್‌ಕ್ರೀಮ್ ಡಬ್ಬಗಳ ಪಕ್ಕದಲ್ಲಿ, ಮೈನಸ್ 18-20 ಡಿಗ್ರಿಯಲ್ಲಿ, ಬ್ಯಾಟರಿಗಳನ್ನು ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಹೊರೆ ಕೊಟ್ಟೆವು. ಬಾಡಿಗೆ ದಿನಕ್ಕೆ ಎರಡು ಸಾವಿರವೋ ಏನೋ. ಸಾಮರ್ಥ್ಯ ಐದರಲ್ಲಿ ಮೂರು ಪಾಲಿಗೆ ಇಳಿಯಿತು. ಲಿಥಿಯಂ ಬ್ಯಾಟರಿಗೆ ಸೊನ್ನೆಗಿಂತ ಕೆಳಗೆ ಚಾರ್ಜ್ ತುಂಬಿದರೆ ಒಳಗೆ ಲೋಹ ಕಟ್ಟಿ ಅದು ಕ್ರಮೇಣ ಹಾಳಾಗುತ್ತದೆ. ಆದ್ದರಿಂದ ಮೋಟಾರು ನಿಯಂತ್ರಕಗಳನ್ನು ಬ್ಯಾಟರಿ ಪೆಟ್ಟಿಗೆಯ ಗೋಡೆಗೇ ಬಿಗಿದು, ಅವುಗಳ ವ್ಯರ್ಥ ಶಾಖವನ್ನು ಒಳಕ್ಕೆ ತಿರುಗಿಸಿದೆವು. ಇದರಿಂದ ಇನ್ನೊಂದು ಲಾಭವಾಯಿತು. 4,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ 60-65 ಶೇಕಡದಷ್ಟೇ, ತೆಳು ಗಾಳಿ ಶಾಖವನ್ನು ಸರಿಯಾಗಿ ಒಯ್ಯದೆ ಅಷ್ಟು ಚಳಿಯಲ್ಲೂ ನಿಯಂತ್ರಕಗಳು ಕಾದುಹೋಗುತ್ತವೆ; ಈಗ ಆ ಶಾಖಕ್ಕೆ ಬ್ಯಾಟರಿ ಪೆಟ್ಟಿಗೆಯ ದಾರಿ ಸಿಕ್ಕಿತು. ಆ ಪರಿಸ್ಥಿತಿಯನ್ನು ಪೀಣ್ಯದಲ್ಲೇ ಅಂದಾಜಿಸಲು ಶಾಖ ಹೊರಬಿಡುವ ರೆಕ್ಕೆಗಳ ಅರ್ಧಭಾಗಕ್ಕೆ ಬಟ್ಟೆ ಸುತ್ತಿ ಓಡಿಸಿದೆವು. ಎತ್ತರವನ್ನು ಅನುಕರಿಸುವ ಕೊಠಡಿಯ ಬಾಡಿಗೆ ಕೊಡುವ ಶಕ್ತಿ ನಮಗಿರಲಿಲ್ಲ.

ಮೋಟಾರು ಮೊದಲು ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ ಚೀನಾದ್ದೇ. ಗಟ್ಟಿ ಮಾಲು, ಬೆಲೆಯೂ ಕಡಿಮೆ. 2025ರ ಆರಂಭದಲ್ಲಿ, ಚೀನಾದ ಬಿಡಿಭಾಗಗಳಿವೆ ಎಂಬ ಕಾರಣಕ್ಕೆ ನಮ್ಮ ಸೇನೆಗೆ ಬರಬೇಕಿದ್ದ 400 ಡ್ರೋನುಗಳ ಗುತ್ತಿಗೆಗಳು ರದ್ದಾದ ಸುದ್ದಿ ಬಂದಾಗ ನಮ್ಮ ಶೆಡ್ಡಿನಲ್ಲಿ ಯಾರೂ ಊಟ ಮಾಡಲಿಲ್ಲ. ಕೊಯಮತ್ತೂರಿನಲ್ಲಿ ತಂತಿ ಸುತ್ತಿಸಿ ಮೋಟಾರು ಮಾಡಿಸಿದೆವು. ಒಂದಕ್ಕೆ ಎರಡೂವರೆ ಪಟ್ಟು ಬೆಲೆ, ತೂಕವೂ ಹೆಚ್ಚು, ಆದರೆ ಸುಟ್ಟರೆ ಮಾರನೆಯ ದಿನ ಬಸ್ಸಿನಲ್ಲಿ ಇನ್ನೊಂದು ಬರುತ್ತದೆ. ಸದ್ದಿನ ವಿಷಯದಲ್ಲಿ ನಾವು ಮೊದಲಿನಿಂದಲೂ ಕಟ್ಟುನಿಟ್ಟು. ಅಮೆರಿಕದ ಮೆರೀನ್ ಪಡೆ ನಾಲ್ಕು ಕಾಲಿನ ಎಲ್‌ಎಸ್3 ಹೊರೆಯಂತ್ರವನ್ನು 2015ರಲ್ಲಿ ಮೂಲೆಗಿಟ್ಟದ್ದು ಅದರ ಎಂಜಿನ್ ಸದ್ದಿಗೆ. ನಮ್ಮ ಸೇನೆ 2025ರ ಜನವರಿಯಲ್ಲಿ ಪುಣೆಯ ಸೇನಾ ದಿನದ ಮೆರವಣಿಗೆಯಲ್ಲಿ ನಡೆಸಿದ ನಾಲ್ಕು ಕಾಲಿನ ಯಂತ್ರಗಳು ವಿದ್ಯುತ್ತಿನವು, ಮೆಟ್ಟಿಲೂ ಹತ್ತುತ್ತವೆ. ಹೊರೆ ಮಾತ್ರ ಹದಿನೈದು ಕಿಲೋ ಆಸುಪಾಸು. ಕಡಿದಾದ ಮೆಟ್ಟಿಲಿಗೆ ಅವು, ಸೀಮೆಎಣ್ಣೆ ಡಬ್ಬಕ್ಕೆ ನಮ್ಮದು.

ಹಣದ ಮಾತನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. 2018ರಲ್ಲಿ ರಕ್ಷಣಾ ಸಚಿವಾಲಯದ ನವೋದ್ಯಮ ನೆರವಿನ ಯೋಜನೆ ಐಡೆಕ್ಸ್ ಬಂದ ಮೇಲೆ ಸಣ್ಣವರಿಗೆ ಬಾಗಿಲು ತೆರೆದದ್ದು ನಿಜ, ಒಂದೂವರೆ ಕೋಟಿಯವರೆಗಿನ ಅನುದಾನ ದೊಡ್ಡ ಆಸರೆ. ನಮ್ಮ ಪಾಲನ್ನೂ ಸರಿಸಮನಾಗಿ ಹಾಕಬೇಕು ಎನ್ನುವಲ್ಲಿ ನನ್ನಂಥವನು ನಿಂತುಬಿಡುತ್ತಾನೆ. ಸೇನಾ ಪರೀಕ್ಷೆಗಳು 'ನೋ ಕಾಸ್ಟ್ ನೋ ಕಮಿಟ್‌ಮೆಂಟ್', ಅಂದರೆ ಖರ್ಚು ನಮ್ಮದು, ಕೊಳ್ಳುವ ಮಾತು ಅವರದ್ದಲ್ಲ. ಬಂಡಿಯನ್ನು ಲಾರಿಯಲ್ಲಿ ಉತ್ತರಕ್ಕೆ ಸಾಗಿಸಿ, ಐದು ಜನ ಅಲ್ಲಿನ ಎತ್ತರಕ್ಕೆ ಒಗ್ಗಿಕೊಳ್ಳುವವರೆಗೆ ಕಾದು, ಬಿಡಿಭಾಗಗಳನ್ನು ಎರಡೆರಡು ಒಯ್ದು ಮರಳುವಷ್ಟರಲ್ಲಿ ಒಂಬತ್ತು ಲಕ್ಷ ಹೋಯಿತು. ಸೇನಾ ಉಪಕರಣಗಳ ಮಾನದಂಡವಾದ ಜೆಎಸ್‌ಎಸ್ 55555 ಪ್ರಕಾರದ ಕಂಪನ, ಧೂಳು, ಮಳೆ ಪರೀಕ್ಷೆಗಳಿಗೆ ಬೇರೆ ಲೆಕ್ಕ. ಒಟ್ಟು 85-90 ಲಕ್ಷ ಮುಟ್ಟಿದೆ. ಹಿಂದೊಮ್ಮೆ ಒಬ್ಬ ದೊಡ್ಡ ಗುತ್ತಿಗೆದಾರರು ನಮ್ಮ ಮಾದರಿಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಬಿಚ್ಚಿದ ಗುರುತುಗಳ ಸಮೇತ ಹಿಂದಿರುಗಿಸಿದರು. ಅಂದಿನಿಂದ ಮುಖ್ಯ ಲೆಕ್ಕಾಚಾರ ಬಂಡಿಯಲ್ಲಿ ಹೇಗೆ ಅಡಗಿದೆ ಎಂಬುದೂ ನನ್ನೊಳಗೇ ಇದೆ.

ಯಲಹಂಕದ ವೈಮಾನಿಕ ಪ್ರದರ್ಶನದಲ್ಲಾಗಲಿ ಶೆಡ್ಡಿನಲ್ಲಾಗಲಿ ಬಂದವರು ಕೇಳುವ ಮೊದಲ ಪ್ರಶ್ನೆ, ಇದರ ಮೇಲೆ ಬಂದೂಕು ಕೂರಿಸಬಹುದೇ ಎಂಬುದು. ಉಕ್ಕಿನ ಚೌಕಟ್ಟು ತೂಕ ತಡೆಯುತ್ತದೆ. ನಾನು ಕೂರಿಸುವುದಿಲ್ಲ. ನಮ್ಮ ಬಂಡಿಗೆ ಬಂಡೆಯ ಮೂಲೆ ಗೊತ್ತು, ಮನುಷ್ಯ ಗೊತ್ತಿಲ್ಲ. ದಾರಿಗೆ ಅಡ್ಡ ಏನೇ ಬಂದರೂ ಅದು ನಿಲ್ಲುತ್ತದೆ. ಬಂದವನು ಕುರಿಗಾಹಿಯೋ ಸೈನಿಕನೋ ಎಂದು ಅದಕ್ಕೆ ತಿಳಿಯದು, ತಿಳಿಯುವಂತೆ ಮಾಡಿದ್ದೇವೆ ಎನ್ನುವವರ ಜಾಲಗಳನ್ನೂ ನೋಡಿದ್ದೇನೆ. ರಾಮನಗರದಿಂದ ಕೋಲಾರಕ್ಕೆ ಹೋದೊಡನೆ ತಡಬಡಾಯಿಸಿದ ತಂತ್ರಜ್ಞಾನವೇ ಅದು. ನೆಲವನ್ನು ತಪ್ಪಾಗಿ ಗುರುತಿಸಿದರೆ ಗಾಡಿ ಹಳ್ಳಕ್ಕೆ ಬೀಳುತ್ತದೆ, ಮನುಷ್ಯನನ್ನು ತಪ್ಪಾಗಿ ಗುರುತಿಸಿದರೆ ಒಂದು ಜೀವ ಹೋಗುತ್ತದೆ. ಅಮೆರಿಕದ ರಕ್ಷಣಾ ಇಲಾಖೆ ಬಲಪ್ರಯೋಗದಲ್ಲಿ ಮನುಷ್ಯನ ವಿವೇಚನೆ ಇರಬೇಕೆಂದು 2012ರಲ್ಲೇ ನಿರ್ದೇಶನ ಬರೆದುಕೊಂಡಿತು. ನಮ್ಮಲ್ಲೂ 2024ರಲ್ಲಿ ಸೇನೆಯ ಕೃತಕ ಬುದ್ಧಿಮತ್ತೆಯನ್ನು ಎಷ್ಟು ನಂಬಬಹುದು ಎಂದು ಅಳೆಯುವ ಚೌಕಟ್ಟು ಬಂದಿದೆ. ನನ್ನ ಶೆಡ್ಡಿನ ನಿಯಮ ಇವೆಲ್ಲಕ್ಕಿಂತ ಚಿಕ್ಕದು: ನಮ್ಮ ಬಂಡಿ ಅಕ್ಕಿ ಒಯ್ಯುತ್ತದೆ, ಗಾಯಗೊಂಡವನನ್ನು ಇಳಿಸಿಕೊಂಡು ಬರುತ್ತದೆ.

ಗಾಯಾಳುವನ್ನು ಹೊರುವ ಚೌಕಟ್ಟಿನ ಕೆಲಸ ಈಗ ನಡೆಯುತ್ತಿದೆ. ಅಲುಗಾಟ ಇನ್ನೂ ಹೆಚ್ಚಿದೆ, ಟ್ರ್ಯಾಕಿನ ಸ್ಪ್ರಿಂಗುಗಳನ್ನು ಬದಲಿಸಬೇಕು. ಈ ವಿಧಾನವನ್ನು ತಾವೂ ಪ್ರಯತ್ನಿಸಬೇಕೆಂದಿರುವವರು ಮೊದಲು ಅಗ್ಗದ ಸ್ಟೀರಿಯೊ ಜೋಡಿ ಕೊಂಡು ಮಧ್ಯಾಹ್ನ ಒಂದು ದಾರಿ ಕಲಿಸಿ, ಸಂಜೆ ಅದೇ ದಾರಿಯಲ್ಲಿ ಓಡಿಸಿ ನೋಡಿ. ಜಾಗ ಬೇಕಿದ್ದರೆ ಕ್ವಾರಿಯ ಮಾಲೀಕರ ಬಳಿ ನಾನೇ ಮಾತನಾಡುತ್ತೇನೆ, ಭಾನುವಾರ ಕ್ರಷರ್ ನಿಂತಿರುತ್ತದೆ. ಲಾರಿಯ ಡೀಸೆಲ್ ಖರ್ಚು ನಿಮ್ಮದು.