ಆಟಿಯಲ್ಲಿ ನೀಲಗಿರಿ: ಮೂರನೆಯ ಸಲ ದಕ್ಕಿದ ಎರಡು ದಿನ

"ಆಟಿ ತಿಂಗಳಲ್ಲಿ ಯಾರಾದರೂ ಘಟ್ಟ ಹತ್ತುತ್ತಾರೆಯೇ? ಅದೂ ಕಾರಿಲ್ಲದೆ, ಕಾಗದ ಹೊತ್ತುಕೊಂಡು?" ಎಂದು ಭಾವ ನಕ್ಕಿದ್ದರು. ಅವರ ನಗುವಿನಲ್ಲಿ ತಪ್ಪಿರಲಿಲ್ಲ. ಕಾಸರಗೋಡಿನ ಬದಿಯಡ್ಕದ ನಮ್ಮ ಕಡೆ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಅಡಿಕೆಗೆ ಮದ್ದು ಬಿಡಲು ಅರ್ಧ ದಿನದ ಬಿಸಿಲು ಸಿಕ್ಕಿದರೂ ಪುಣ್ಯ ಎನ್ನುವಂಥ ಮಳೆ. ಜೊತೆಗೆ ಹಿಂದಿನ ಎರಡು ಸಲ ನಾನು ಚಿತ್ರ ಬಿಡಿಸಲೆಂದು ನೀಲಗಿರಿಗೆ ಹೋಗಿ ಏನು ತಂದೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಮೊದಲ ಸಲ ಹೋದದ್ದು ಮೇ ತಿಂಗಳಲ್ಲಿ, ಭಾವನದೇ ಕಾರಿನಲ್ಲಿ. 2024ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಅದನ್ನೇನೋ ಮೊದಲೇ ಮಾಡಿಸಿಕೊಂಡಿದ್ದೆವು. ಆದರೆ ಪಾಸ್ ಇದ್ದವರೆಲ್ಲ ಒಟ್ಟಿಗೇ ಹೊರಟರೆ ರಸ್ತೆ ಏನು ಮಾಡೀತು? ಗೂಡಲೂರು ದಾಟಿದ ಮೇಲೆ ಮೂರು ಗಂಟೆಗೂ ಹೆಚ್ಚು ಕಾಲ ಒಂದು ಲಾರಿಯ ಬೆನ್ನು ನೋಡುತ್ತಾ ಕುಳಿತೆವು. ತಪಾಸಣೆಯಲ್ಲಿ ನನ್ನ ಕುಂಚ ತೊಳೆಯುವ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನೂ ತೆಗೆದಿಟ್ಟುಕೊಂಡರು. ನೀಲಗಿರಿಯಲ್ಲಿ ಅಂಥ ಬಾಟಲಿಗೆ ನಿಷೇಧವಿದೆ, ತಪ್ಪು ನನ್ನದೇ. ಕೋಣೆಗೆ ನಾಲ್ಕೂವರೆ ಸಾವಿರ, ಪೆಟ್ರೋಲು, ಊಟ ಎಲ್ಲ ಸೇರಿ ಹದಿಮೂರು ಸಾವಿರದ ಹತ್ತಿರ ಹೋಯಿತು. ತಂದ ಚಿತ್ರ ಒಂದು. ಅದು ಲಾರಿಯದು.

ಎರಡನೆಯ ಸಲ ಒಬ್ಬನೇ ಹೋದೆ. ಘಟ್ಟದ ಬುಡದ ಮೇಟ್ಟುಪಾಳಯದಿಂದ ಬೆಳಿಗ್ಗೆ ಏಳರ ಸುಮಾರಿಗೆ ಊಟಿಗೆ ಹೊರಡುವ ಪುಟಾಣಿ ರೈಲಿಗೆ ಸ್ಥಳದಲ್ಲೇ ಟಿಕೆಟ್ ಸಿಗುತ್ತದೆ ಎಂದು ನಂಬಿದ್ದೆ. ಐದು ಗಂಟೆಗೇ ಹೋಗಿ ನೋಡಿದರೆ ನನಗಿಂತ ಮೊದಲು ಅರ್ಧ ಊರು ಸಾಲಿನಲ್ಲಿ ನಿಂತಿತ್ತು. ಬಸ್ಸಿನಲ್ಲಿ ಊಟಿಗೆ ಹೋದೆ, ಮಂಜು. ಮಂಜಿನಲ್ಲಿ ಜಲವರ್ಣ ಬಿಡಿಸಿದವರಿಗೆ ಇದು ಗೊತ್ತು: ಮೊದಲ ಲೇಪ ಒಣಗುವುದೇ ಇಲ್ಲ. ತಾಳ್ಮೆಗೆಟ್ಟು ಎರಡನೆಯದನ್ನು ಹಚ್ಚಿದೆ, ಬೆಟ್ಟವೂ ಆಕಾಶವೂ ಕೂಡಿ ಕೆಸುವಿನ ಸಾರಿನ ಹಾಗಾದವು. ಐದಾರು ಸಾವಿರ ಅಲ್ಲಿಗೆ ಮುಗಿಯಿತು.

ಈ ಸಲ ಮೂರು ಬದಲಾವಣೆ ಮಾಡಿದೆ. ಒಂದು, ಕಾಲ. ನೈರುತ್ಯ ಮಳೆಯನ್ನು ದೊಡ್ಡಬೆಟ್ಟದ ಸಾಲು ತಡೆಯುವುದರಿಂದ ಊಟಿ ತೊಯ್ದು ತೊಪ್ಪೆಯಾಗಿರುವಾಗಲೂ ಪೂರ್ವದ ಕೋಟಗಿರಿಗೆ ಬೀಳುವ ಮಳೆ ಕಡಿಮೆ. ಆಟಿಯಲ್ಲಿ ಪ್ರವಾಸಿಗರೂ ಕಡಿಮೆ, ಕೋಣೆಯ ದರವೂ ಕಡಿಮೆ. ಎರಡು, ಬಸ್ಸಿನಲ್ಲಿ ಹೋಗುವವನಿಗೆ ಇ-ಪಾಸಿನ ಗೊಡವೆಯಿಲ್ಲ. ಮೂರನೆಯದು ಟಿಫನ್ ಡಬ್ಬಿ, ಅದನ್ನು ಆಮೇಲೆ ಹೇಳುತ್ತೇನೆ.

ಶುಕ್ರವಾರ ಒಂದು ದಿನ ರಜೆ ಹಾಕಿ ಕಾಸರಗೋಡಿನಿಂದ ಹಗಲು ರೈಲಿನಲ್ಲಿ ಕೊಯಮತ್ತೂರು, ಅಲ್ಲಿಂದ ಬಸ್ಸಿನಲ್ಲಿ ಮೇಟ್ಟುಪಾಳಯ. ಏಳುನೂರು ರೂಪಾಯಿಯ ವಸತಿಗೃಹ; ಸೊಳ್ಳೆ ಉಚಿತ. ಶನಿವಾರ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದು ಎಂಟೂವರೆಗೆ ಕೋಟಗಿರಿಯಲ್ಲಿ ಚಹಾ ಕುಡಿಯುತ್ತಿದ್ದೆ. ಆಕಾಶ ಮೋಡ ಕಟ್ಟಿತ್ತು, ಆದರೆ ಮಳೆ ಇರಲಿಲ್ಲ. ಭಾವನಿಗೆ ಒಂದು ಫೋಟೋ ಕಳುಹಿಸಿದೆ. ಉತ್ತರ ಬರಲಿಲ್ಲ.

ಚಹಾದಂಗಡಿಯಲ್ಲಿ ನೀಲಗಿರಿಯ ಬಡಗ ಸಮುದಾಯದ ಒಬ್ಬ ಅಜ್ಜ ಸಿಕ್ಕಿದರು. ಅವರ ಮಾತು ನನಗೆ ಅರ್ಧ, ನನ್ನ ಕನ್ನಡ ಅವರಿಗೆ ಮುಕ್ಕಾಲು ತಿಳಿಯಿತು. ಊರಿಗೆ ಅವರು ಹಟ್ಟಿ ಎನ್ನುತ್ತಾರೆ. ಬಡಗಿನಿಂದ, ಅಂದರೆ ಉತ್ತರದಿಂದ, ಬಂದವರಾದ್ದರಿಂದ ಬಡಗರು ಎಂದು ಹೆಸರು. ನಾನು ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಊರಿನವನು ಎಂದು ಹೇಳಿ ನಗಬೇಕೆನಿಸಿತು, ಆದರೆ ಯಕ್ಷಗಾನವನ್ನು ವಿವರಿಸುವಷ್ಟು ಹೊತ್ತು ಇರಲಿಲ್ಲ. ಚಿತ್ರಕ್ಕೆ ಒಳ್ಳೆಯ ಜಾಗ ಎಲ್ಲಿದೆ ಎಂದು ಅವರೇ ತೋರಿಸಿದರು. ಆ ಜಾಗವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಅಲ್ಲಿ ಕಾರು ನಿಲ್ಲಿಸುವವರು ಬರುತ್ತಾರೆ.

ಈಗ ಡಬ್ಬಿಯ ವಿಷಯ. ಚಪ್ಪಟೆ ತಳದ ಸ್ಟೀಲ್ ಡಬ್ಬಿಗೆ ಚಹಾದಂಗಡಿಯಲ್ಲಿ ಕುದಿನೀರು ತುಂಬಿಸಿಕೊಳ್ಳಿ (ಐದು ರೂಪಾಯಿ ಕೊಟ್ಟೆ, ಬೇಡವೆಂದರು). ಮುಚ್ಚಳ ಬಿಗಿದು ಬಟ್ಟೆ ಸುತ್ತಿ ಕಾಗದದ ಅಡಿಯಲ್ಲಿ ಇಸ್ತ್ರಿಪೆಟ್ಟಿಗೆಯಂತೆ ಮೆಲ್ಲನೆ ಸರಿಸಬೇಕು. ಒಂದೇ ಕಡೆ ನಿಲ್ಲಿಸಿದರೆ ಬಣ್ಣದ ಅಂಚು ಕಲೆಗಟ್ಟುತ್ತದೆ. ನನ್ನ ಮೊದಲ ಹಾಳೆ ಹಾಗೆಯೇ ಹೋಯಿತು, ಮೂವತ್ತೈದು ರೂಪಾಯಿಯ ಹಾಳೆ. ಹಲಗೆಗೆ ಅಂಟಿಸಿದ ಕಾಗದಕ್ಕೆ ಇದು ನಡೆಯದು, ಬಿಡಿ ಹಾಳೆಯೇ ಬೇಕು. ಬಣ್ಣದ ನೀರಿಗೆ ನಾನು ಇನ್ನೊಂದು ಪದಾರ್ಥವನ್ನೂ ನಾಲ್ಕು ಹನಿ ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ. ವಾಸನೆ ನೋಡಿ ಕಂಡುಹಿಡಿದ ಸಹೋದ್ಯೋಗಿಯೊಬ್ಬರು ಮುಖ್ಯೋಪಾಧ್ಯಾಯರಿಗೆ ಹೇಳುತ್ತೇನೆಂದು ಹೆದರಿಸಿದ್ದಾರೆ.

ಮಧ್ಯಾಹ್ನ ಒಂದು ಅಂಗಡಿಯಲ್ಲಿ ನೀಲಗಿರಿಯ ಬುಡಕಟ್ಟಿನವರಾದ ಆಲು ಕುರುಂಬರ ಚಿತ್ರಗಳನ್ನು ನೋಡಿದೆ. ಹೊನ್ನೆಮರದ ಅಂಟು, ಮಣ್ಣು, ಎಲೆಯ ರಸ, ಇಷ್ಟೇ ಅವರ ಬಣ್ಣ. ನನ್ನ ಚೀಲದಲ್ಲೂ ಒಂದು ಸೀಸೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕಂದು ನೀರು, ಇತ್ತು. ನಮ್ಮದು ಚಾಲಿಯ, ಅಂದರೆ ಬೇಯಿಸದೆ ಒಣಗಿಸಿದ ಅಡಿಕೆಯ ಊರು, ಅಡಿಕೆ ಬೇಯಿಸುವವರಿಲ್ಲ. ಸಾಗರದ ಗೆಳೆಯನಿಂದ ತರಿಸಿದ್ದು. ಹೊನ್ನೆಯ ಅಂಟಿನ ಕೆಂಪಿನ ಮುಂದೆ ಅದು ಸಪ್ಪೆ ಕಂಡಿತು. ಆ ರಾತ್ರಿ ಕೋಣೆಯಲ್ಲಿ ಚೊಗರಿಗೆ ತುಕ್ಕು ಹಿಡಿದ ಎರಡು ಮೊಳೆ ಹಾಕಿಟ್ಟೆ. ಬೆಳಿಗ್ಗೆ ಕಪ್ಪಾಗಿತ್ತು, ಮಸಿಯಷ್ಟೇ ಕಪ್ಪು. ಕೋಣೆಯ ಟವೆಲಿನ ಮೇಲೂ ಸ್ವಲ್ಪ ಬಿತ್ತು, ಅದಕ್ಕೆ ನೂರೈವತ್ತು ಕಟ್ಟಿದೆ.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂನೂರಿಗೆ ಬಂದು, ಅಲ್ಲಿಂದ ಊಟಿಗೆ ಪುಟಾಣಿ ರೈಲು ಹಿಡಿದೆ. ಹಲ್ಲುಹಳಿಯ (ರೈಲಿನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುವ ಹಳಿ) ಏರು ಕಲ್ಲಾರಿನಿಂದ ಕೂನೂರಿನವರೆಗೆ ಮಾತ್ರ. ಮೇಲಿನ ತುಂಡಿಗೆ ಸಾಲು ಚಿಕ್ಕದು, ಟಿಕೆಟ್ ಕಿಟಕಿಯಲ್ಲೇ ಸಿಕ್ಕಿತು. ಕೇತಿ ಕಣಿವೆ ಬರುವಾಗ ಯಾವ ಬದಿಗೆ ಕೂರಬೇಕೆಂದು ಕೇಳಬೇಡಿ, ನಿಂತೇ ಹೋದೆ.

ಊಟಿಯಲ್ಲಿ ಮಳೆ ಹೊಡೆಯುತ್ತಿತ್ತು. ಸಂತ ಸ್ಟೀಫನ್ನರ ಚರ್ಚಿನೊಳಗೆ ಕುಳಿತೆ. 1830ರ ಸುಮಾರಿನ ಈ ಕಟ್ಟಡದ ಮರ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದದ್ದು. ಮೈಸೂರು ಸೀಮೆಯ ತೊಲೆಗೆ ಸಾಗರದ ಚೊಗರು! ಕಪ್ಪು ಚೊಗರನ್ನೂ ಕಂದು ಚೊಗರನ್ನೂ ಬಿಟ್ಟರೆ ಬೇರೆ ಬಣ್ಣ ಮುಟ್ಟಲಿಲ್ಲ. ಎರಡು ಗಂಟೆ ಹಿಡಿಯಿತು. ಇಷ್ಟು ಚೆನ್ನಾಗಿ ಮರ ಬಿಡಿಸಿದವರು ನಮ್ಮ ತಾಲೂಕಿನಲ್ಲಿ ಇನ್ನೊಬ್ಬರಿದ್ದರೆ ನಾನೇ ಹೋಗಿ ನೋಡಿ ಬರುತ್ತೇನೆ.

ಸಂಜೆ ಬಸ್ಸಿನಲ್ಲಿ ಕೊಯಮತ್ತೂರಿಗೆ ಇಳಿದು ರಾತ್ರಿ ರೈಲು ಹತ್ತಿದೆ. ಬೆಳಗಿನ ಜಾವ ಕಾಸರಗೋಡು, ಹತ್ತಕ್ಕೆ ಶಾಲೆ. ಒಟ್ಟು ಖರ್ಚು ಮೂರು ಸಾವಿರಕ್ಕೆ ನೂರಿನ್ನೂರು ಕಡಿಮೆ: ಎರಡೂ ಕೋಣೆ ಸೇರಿ ಹತ್ತೊಂಬತ್ತು ನೂರು, ರೈಲು ಬಸ್ಸಿಗೆ ಆರುನೂರರ ಆಸುಪಾಸು, ಉಳಿದದ್ದು ಹೊಟ್ಟೆಗೆ ಮತ್ತು ಆ ಟವೆಲಿಗೆ. ನೀಲಗಿರಿಯ ಬುಡಕಟ್ಟಿನವರಾದ ತೋದರ ಕೆಂಪು-ಕಪ್ಪು ಕಸೂತಿಯ ಒಂದು ಚೀಲವನ್ನು ಅಕ್ಕನಿಗೆ ತಂದೆ, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಚಿತ್ರ ಐದು, ಅದರಲ್ಲಿ ತೋರಿಸುವಂಥವು ಮೂರು.

ತೊಲೆಯ ಚಿತ್ರವನ್ನು ಭಾವ ಚಾವಡಿಗೆ ಕೇಳಿದರು. ಎರಡು ಸಾವಿರ ಎಂದೆ. ಲಾರಿಯ ಚಿತ್ರವನ್ನು ಬೇಕಾದರೆ ಪುಕ್ಕಟೆ ಕೊಡುತ್ತೇನೆ ಎಂದೂ ಹೇಳಿದ್ದೇನೆ. ಇನ್ನೂ ಯೋಚಿಸುತ್ತಿದ್ದಾರೆ.