ಎರಡು ಟ್ರಾಂಬೋನ್‌ಗೆ ಒಂದು ಕೇಸು: ಮೊದಲು ಸ್ಲೈಡ್ ಎಲ್ಲಿ ಮಲಗುತ್ತದೆ ನೋಡಿ

ಎರಡು ಟ್ರಾಂಬೋನ್ ಹಿಡಿಸುವ ಕೇಸು ಹುಡುಕುವವರು ಹೆಚ್ಚಾಗಿ ಬೆಲ್ ಬಗ್ಗೆಯೇ ಚಿಂತೆ ಮಾಡುತ್ತಾರೆ. ಅಷ್ಟಗಲದ ಎರಡು ಬಾಯಿ ಒಂದೇ ಪೆಟ್ಟಿಗೆಯಲ್ಲಿ ಹೇಗಪ್ಪಾ ಕೂರುತ್ತವೆ ಅನ್ನುವುದೇ ಅವರ ಪ್ರಶ್ನೆ. ನಾನು ಹೇಳುವುದು ಬೇರೆ. ಮೊದಲು ಸ್ಲೈಡ್‌ಗಳಿಗೆ ಎಲ್ಲಿ ಜಾಗ ಕೊಟ್ಟಿದ್ದಾರೆ ನೋಡಿ. ಬೆಲ್ ಅಂಚಿಗೆ ಸಣ್ಣ ನೆಗ್ಗು ಬಿದ್ದರೆ ಮನಸ್ಸಿಗೆ ಬೇಜಾರು, ಆದರೆ ವಾದ್ಯ ನುಡಿಯುತ್ತದೆ. ಅಷ್ಟೇ ನೆಗ್ಗು ಸ್ಲೈಡ್‌ಗೆ ಬಿದ್ದರೆ ಅವತ್ತಿನ ಕಾರ್ಯಕ್ರಮವೇ ಹೋಯಿತು.

ಕಾರಣ ಸರಳ. ಸ್ಲೈಡ್ ಅಂದರೆ ಎರಡು ಒಳಕೊಳವೆಗಳು, ಅವುಗಳ ಮೇಲೆ ಜಾರುವ ಎರಡು ಹೊರಕೊಳವೆಗಳು. ನಡುವಿನ ಸಂದು ಕಣ್ಣಿಗೆ ಕಾಣುವುದೇ ಇಲ್ಲ, ಅಷ್ಟು ಕಡಿಮೆ. ಹೊರಕೊಳವೆಯ ತಗಡು ತುಂಬಾ ತೆಳು. ನಾಲ್ಕೂ ಕೊಳವೆಗಳು ರೈಲು ಹಳಿಯ ಹಾಗೆ ಒಂದಕ್ಕೊಂದು ಸಮನಾಗಿ ಇರಬೇಕು. ಒಂದು ಚೂರು ವಾಲಿದರೂ ಎಳೆಯುವಾಗ ತಡೆಯುತ್ತದೆ. ಬಿದ್ದ ಪೆಟ್ಟು ಮಾತ್ರ ಇದಕ್ಕೆ ಕಾರಣ ಅಂದುಕೊಳ್ಳಬೇಡಿ. ಮುಚ್ಚಳ ಹಾಕಿದಾಗ ಸ್ಲೈಡ್‌ನ ನಡುಭಾಗಕ್ಕೆ ಒತ್ತು ಬೀಳುವ ಕೇಸಿದ್ದರೆ, ದಿನಾ ಸ್ವಲ್ಪ ಸ್ವಲ್ಪವಾಗಿ ಅದೇ ಕೆಲಸ ಆಗುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ಒಂಟಿ ಕೇಸಿನಲ್ಲಿ ಸ್ಲೈಡ್ ಸಾಮಾನ್ಯವಾಗಿ ಮುಚ್ಚಳದ ಒಳಗೆ ಕೂರುತ್ತದೆ. ಜೋಡಿ ಕೇಸಿನಲ್ಲಿ ಎರಡು ಸ್ಲೈಡ್ ಬೇಕಲ್ವಾ, ಹಾಗಾಗಿ ಒಬ್ಬೊಬ್ಬ ತಯಾರಕ ಒಂದೊಂದು ಉಪಾಯ ಮಾಡುತ್ತಾನೆ. ಕೆಲವರು ಎರಡನ್ನೂ ಮುಚ್ಚಳದಲ್ಲೇ ಅಕ್ಕಪಕ್ಕ ಇಡುತ್ತಾರೆ. ಕೆಲವರು ಬೆಲ್‌ಗಳ ಪಕ್ಕದಲ್ಲಿ ಉದ್ದನೆಯ ಚೀಲ ಕೊಡುತ್ತಾರೆ. ಮೆತ್ತನೆ ಬ್ಯಾಗುಗಳಲ್ಲಿ ಸ್ಲೈಡ್‌ಗೆ ಬೇರೆ ಗವಸು ಇರುತ್ತದೆ, ಅದನ್ನು ನಡುವೆ ತೂರಿಸಬೇಕು. ಯಾವ ಉಪಾಯವಾದರೂ ಸರಿ, ನೀವು ನೋಡಬೇಕಾದ್ದು ಮೂರು ಜಾಗ. ಹಿಡಿಕೆಯ ಅಡ್ಡಕಂಬಿಯ ಹತ್ತಿರ ಆಧಾರ ಇದೆಯಾ? ತುದಿಯ ಬಾಗಿನ ಹತ್ತಿರ ಆಧಾರ ಇದೆಯಾ? ನಡುಭಾಗ ಏನಕ್ಕೂ ತಾಗದೆ ಆರಾಮಾಗಿದೆಯಾ? ಎರಡು ತುದಿಯಲ್ಲಿ ಹಿಡಿದು ನಡುವೆ ಬಿಡುವಾಗಿರುವ ಕೇಸು ಒಳ್ಳೆಯದು. ನಡುವೆ ಪಟ್ಟಿ ಬಿಗಿದು ತುದಿಯನ್ನು ತೇಲಿಬಿಡುವ ಕೇಸು ಎಷ್ಟೇ ಚೆಂದ ಇದ್ದರೂ ನಾನು ಬೇಡ ಅನ್ನುತ್ತೇನೆ.

ಇನ್ನು ಯಾವ ಎರಡು ಟ್ರಾಂಬೋನ್ ಅನ್ನುವುದು. ಇದನ್ನು ತೀರ್ಮಾನ ಮಾಡದೆ ಕೇಸು ನೋಡಲು ಹೋಗಬೇಡಿ. ಆರ್ಕೆಸ್ಟ್ರಾದಲ್ಲಿ ಮೊದಲ ಟ್ರಾಂಬೋನ್ ನುಡಿಸುವವರಿಗೆ ಹೆಚ್ಚಾಗಿ ಆಲ್ಟೋ ಮತ್ತು ಟೆನರ್ ಜೋಡಿ ಬೇಕಾಗುತ್ತದೆ. ಆಲ್ಟೋ ಚಿಕ್ಕದು, ಎತ್ತರದ ಸ್ವರದ್ದು; ಟೆನರ್ ಅದಕ್ಕಿಂತ ದೊಡ್ಡದು; ಬಾಸ್ ಇನ್ನೂ ದೊಡ್ಡದು. ಮೊಜಾರ್ಟ್ 1791ರಲ್ಲಿ ಬರೆಯುತ್ತಿದ್ದ ರಿಕ್ವಿಯಂ ಆಗಲಿ, 1808ರಲ್ಲಿ ಮೊದಲು ಕೇಳಿಬಂದ ಬೀಥೋವನ್‌ನ ಐದನೇ ಸಿಂಫನಿ ಆಗಲಿ, ಆಲ್ಟೋ, ಟೆನರ್, ಬಾಸ್ ಮೂರಕ್ಕೂ ಬೇರೆ ಬೇರೆ ಪಾಲು ಇಟ್ಟಿವೆ. ಅದೇ ಸಂಜೆ ಆಮೇಲಿನ ಕಾಲದ ಕೃತಿ ಒಂದಿದ್ದರೆ ಆಲ್ಟೋ ಕೆಳಗಿಟ್ಟು ದೊಡ್ಡ ಟೆನರ್ ಎತ್ತಿಕೊಳ್ಳಬೇಕು. ಜಾಸ್ ಮತ್ತು ಶಾಸ್ತ್ರೀಯ ಎರಡನ್ನೂ ನುಡಿಸುವವರಿಗೆ ಸಣ್ಣ ಬೋರ್ (ಅಂದರೆ ಕೊಳವೆಯ ಒಳಗಿನ ಅಗಲ) ಟೆನರ್ ಒಂದು, ದೊಡ್ಡ ಬೋರ್ ಟೆನರ್ ಒಂದು. ರಂಗಭೂಮಿಯ ವಾದ್ಯವೃಂದದಲ್ಲಿ ಕೂರುವವರಿಗೆ ಟೆನರ್ ಜೊತೆ ಬಾಸ್. ಈ ಮೂರು ಜೋಡಿಗಳಿಗೆ ಬೇಕಾದ ಜಾಗ ಒಂದೇ ಅಲ್ಲ.

ಬೆಲ್ ಅಗಲವನ್ನೇ ತೆಗೆದುಕೊಳ್ಳಿ. ಆಲ್ಟೋದ್ದು ಆರೂವರೆಯಿಂದ ಏಳು ಇಂಚು. ಸಣ್ಣ ಟೆನರ್ ಏಳೂವರೆಯಿಂದ ಎಂಟು. ದೊಡ್ಡ ಟೆನರ್ ಸಾಮಾನ್ಯವಾಗಿ ಎಂಟೂವರೆ. ಬಾಸ್ ಒಂಬತ್ತೂವರೆಯಿಂದ ಹತ್ತೂವರೆಯವರೆಗೆ ಹೋಗುತ್ತದೆ. ಕೇಸಿನ ದಪ್ಪ ಎಷ್ಟಿರಬೇಕು ಅಂತ ಹೇಳುವುದು ದೊಡ್ಡ ಬೆಲ್. ಆಲ್ಟೋ ಮತ್ತು ಟೆನರ್ ಜೋಡಿಗೆ ಒಂಟಿ ಕೇಸಿಗಿಂತ ಸ್ವಲ್ಪವೇ ದೊಡ್ಡದು ಸಾಕು. ಟೆನರ್ ಮತ್ತು ಬಾಸ್ ಜೋಡಿಗೆ ಪೆಟ್ಟಿಗೆ ನಿಜವಾಗಿಯೂ ದೊಡ್ಡದಾಗುತ್ತದೆ. ಅದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಮನೆಯಲ್ಲೇ ಟೇಪು ಹಿಡಿದು ಅಳೆದುಕೊಳ್ಳಿ. ಬೆಲ್ ಭಾಗದ ಉದ್ದ, ಬೆಲ್ ಅಗಲ, ಸ್ಲೈಡ್ ಮುಚ್ಚಿದಾಗಿನ ಉದ್ದ, ಹಿಡಿಕೆಯ ಹತ್ತಿರದ ಅಗಲ. ಹೆಬ್ಬೆರಳಿನಿಂದ ಒತ್ತಿ ಸ್ವರ ತಗ್ಗಿಸುವ ಎಫ್ ವಾಲ್ವ್ ಇರುವ ವಾದ್ಯವಾದರೆ ಇನ್ನೊಂದು ಅಳತೆ ಬೇಕು. ವಾಲ್ವ್ ಅಂದರೆ ಹೆಚ್ಚು ಕಡಿಮೆ 90 ಸೆಂಟಿಮೀಟರ್ ಹೆಚ್ಚುವರಿ ಕೊಳವೆ. ಹಳೆಯ ರೀತಿಯಲ್ಲಿ ಅದನ್ನು ಬೆಲ್‌ನ ಬಾಗಿನ ಒಳಗೇ ಸುತ್ತಿರುತ್ತಾರೆ. ಈಗಿನ ತೆರೆದ ಸುತ್ತಿನಲ್ಲಿ ಕೊಳವೆ ಟ್ಯೂನಿಂಗ್ ಸ್ಲೈಡ್ (ಶ್ರುತಿ ಸರಿಮಾಡಲು ಎಳೆಯುವ ಹಿಂದಿನ ಬಾಗು) ದಾಟಿ ಹಿಂದಕ್ಕೆ ಚಾಚಿರುತ್ತದೆ. ಎಷ್ಟೋ ಕೇಸುಗಳು ಇಲ್ಲಿಯೇ ಸೋಲುತ್ತವೆ. ವಾದ್ಯ ಒಳಗೆ ಹೋಗುತ್ತದೆ, ಮುಚ್ಚಳವೂ ಮುಚ್ಚುತ್ತದೆ, ಆದರೆ ಹಿಂದಿನ ಬಾಗು ಕೇಸಿನ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಕೇಸು ನೆಲಕ್ಕೆ ಕುಕ್ಕಿದಾಗ ಪೆಟ್ಟು ನೇರ ಆ ಬಾಗಿಗೇ. ಗೋಡೆಗೂ ಬಾಗಿಗೂ ನಡುವೆ ಎರಡು ಬೆರಳು ಹೋಗುವಷ್ಟು ಫೋಮ್ ಇರಲೇಬೇಕು. ಹೆಬ್ಬೆರಳಿನಿಂದ ಒತ್ತುವ ಟ್ರಿಗರ್ ಕೂಡ ನೋಡಿ. ಅದರ ಮೇಲೆ ಏನೂ ಭಾರ ಬೀಳಬಾರದು. ಬಿದ್ದರೆ ಕೀಲು ಸಡಿಲವಾಗಿ ಟಕ್ ಟಕ್ ಅನ್ನುತ್ತದೆ, ಕೊಂಡಿ ಬಾಗುವುದೂ ಉಂಟು.

ಒಳಗಿನ ಜೋಡಣೆಯಲ್ಲಿ ನನಗೆ ಇಷ್ಟವಾದದ್ದು ತಲೆಕೆಳಗು ಜೋಡಣೆ. ಒಂದು ಬೆಲ್ ಬಾಯಿ ಈ ತುದಿಗೆ, ಇನ್ನೊಂದರದ್ದು ಆ ತುದಿಗೆ. ಅಗಲದ ಪಕ್ಕ ಕಿರಿದು ಬರುವುದರಿಂದ ಜಾಗ ಉಳಿಯುತ್ತದೆ, ಭಾರವೂ ಎರಡು ಕಡೆ ಹಂಚಿಹೋಗುತ್ತದೆ. ಎರಡು ಬಾಯಿ ಒಂದೇ ಕಡೆ ಇರುವ ಕೇಸು ಒಂದು ತುದಿಯಲ್ಲಿ ತೂಗುತ್ತದೆ, ಹಿಡಿದು ನಡೆಯುವಾಗ ಮೂತಿ ಕೆಳಕ್ಕೆ ಎಳೆಯುತ್ತದೆ. ಯಾವುದೇ ಜೋಡಣೆ ಇರಲಿ, ಎರಡು ವಾದ್ಯಗಳ ನಡುವೆ ಗಟ್ಟಿ ತಡಿಕೆ ಬೇಕು. ಬರೀ ಬಟ್ಟೆ ಸಾಲದು. ಹಿತ್ತಾಳೆಗೆ ಹಿತ್ತಾಳೆ ತಾಗಿದರೆ ಮೆರುಗು ಉಜ್ಜಿಹೋಗುವುದು ಮಾತ್ರವಲ್ಲ, ಭಾರದ ವಾದ್ಯ ಹಗುರದ್ದನ್ನು ಒತ್ತಿ ಕೆಡಿಸುತ್ತದೆ. ತಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಆಚೆ ಬದಿಯ ಕೈಗೆ ನಿಮ್ಮ ಹೆಬ್ಬೆರಳು ಗೊತ್ತಾದರೆ ಅದು ತಡಿಕೆಯೇ ಅಲ್ಲ.

ಟೆನರ್ ಅಳತೆಯ ಗೂಡಿಗೆ ಆಲ್ಟೋ ಹಾಕುವವರು ಒಂದು ಮಾತು ನೆನಪಿಡಿ. ಆಲ್ಟೋ ಸ್ಲೈಡ್ ಗಿಡ್ಡ. ದೊಡ್ಡ ಗೂಡಿನಲ್ಲಿ ಅದು ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಗಟ್ಟಿ ಫೋಮಿನ ತುಂಡನ್ನು ಸರಿಯಾದ ಅಳತೆಗೆ ಕತ್ತರಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ತುದಿಗೆ ಇಟ್ಟರೆ ಸಾಕು. ಸುಮ್ನೆ ಟವೆಲ್ ತುರುಕಬೇಡಿ. ಎರಡು ದಿನದಲ್ಲಿ ಅದು ಕುಗ್ಗಿ ಮತ್ತೆ ಜಾಗ ಬಿಡುತ್ತದೆ.

ಗಟ್ಟಿ ಪೆಟ್ಟಿಗೆಯೋ, ಮೆತ್ತನೆ ಬ್ಯಾಗೋ? ನಡೆದು ಹೋಗುವವರಿಗೆ, ಸ್ವಂತ ಕಾರಿನಲ್ಲಿ ಓಡಾಡುವವರಿಗೆ ದಪ್ಪ ಫೋಮಿನ ಒಳ್ಳೆಯ ಜೋಡಿ ಬ್ಯಾಗು ಸಾಕು. ಬಸ್ಸು, ರೈಲು, ಬೇರೆಯವರು ಸಾಮಾನು ಎಸೆಯುವ ಜಾಗ ಅಂದರೆ ಗಟ್ಟಿ ಕವಚವೇ ಬೇಕು. ಮರದ್ದು ಬಲವಾಗಿರುತ್ತದೆ, ಆದರೆ ಎರಡು ವಾದ್ಯಕ್ಕೆ ಮರದ ಪೆಟ್ಟಿಗೆ ಅಂದರೆ ತೂಕ ಜಾಸ್ತಿ. ಫೈಬರ್‌ಗ್ಲಾಸ್ ಹಗುರ, ಪೆಟ್ಟನ್ನೂ ತಡೆಯುತ್ತದೆ. ತೆಳು ಪ್ಲಾಸ್ಟಿಕ್ ಕವಚವನ್ನು ನಡುವೆ ಅಂಗೈಯಿಂದ ಒತ್ತಿ ನೋಡಿ. ಒಳಕ್ಕೆ ತಗ್ಗಿದರೆ ಅದರ ಮೇಲೆ ಇನ್ನೊಂದು ಸಾಮಾನು ಬಿದ್ದಾಗಲೂ ತಗ್ಗುತ್ತದೆ, ಕೆಳಗೆ ಇರುವುದು ನಿಮ್ಮ ಸ್ಲೈಡ್.

ತೂಕದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾದ್ಯ, ಮ್ಯೂಟು (ಸದ್ದು ತಗ್ಗಿಸಲು ಬೆಲ್ ಬಾಯಿಗೆ ಇಡುವ ಬಿರಡೆ), ಮೌತ್‌ಪೀಸು (ತುಟಿ ಇಟ್ಟು ಊದುವ ಭಾಗ), ಪುಸ್ತಕ, ಪೆಟ್ಟಿಗೆ ಎಲ್ಲ ಸೇರಿ 10 ಕಿಲೋ ಹತ್ತಿರ ಹೋಗುವುದು ಕಷ್ಟವೇನಲ್ಲ. ಅದನ್ನು ಒಂದೇ ಹೆಗಲಿಗೆ ಹಾಕಿ ನಡೆದರೆ ಬೆನ್ನು ಬೇಗ ದೂರು ಹೇಳುತ್ತದೆ. ನುಡಿಸಲು ಕೂತಾಗ ಎಡಗೈಯೇ ವಾದ್ಯದ ಭಾರ ಹೊರಬೇಕು. ದಾರಿಯಲ್ಲೇ ಆ ಹೆಗಲನ್ನು ದಣಿಸಿದರೆ ಹೇಗೆ? ಎರಡೂ ಹೆಗಲಿಗೆ ಬರುವ ಅಗಲ ಪಟ್ಟಿ ಇರಲಿ. ಪಟ್ಟಿಯ ಕೊಂಡಿ ಲೋಹದ್ದಾಗಿರಲಿ, ಕವಚಕ್ಕೆ ಒಳಗಿನಿಂದ ರಿವೆಟ್ ಹೊಡೆದಿರಲಿ. ಬರೀ ಹೊಲಿಗೆಯ ಮೇಲೆ ನಿಂತ ಕೊಂಡಿ ಒಂದು ವಾದ್ಯಕ್ಕೆ ತಡೆದೀತು, ಎರಡಕ್ಕೆ ನಂಬಬೇಡಿ. ಬೆನ್ನಿಗೆ ಹಾಕಿಕೊಂಡು ಕನ್ನಡಿ ಮುಂದೆ ಒಮ್ಮೆ ನಿಲ್ಲಿ. ಸುಮಾರು 90 ಸೆಂಟಿಮೀಟರ್ ಉದ್ದದ ಪೆಟ್ಟಿಗೆ ತಲೆಗಿಂತ ಮೇಲೆ ಹೋಗುತ್ತದೆ. ಬಾಗಿಲು ದಾಟುವಾಗ ನೀವು ಬಗ್ಗುತ್ತೀರಿ, ಪೆಟ್ಟಿಗೆ ಬಗ್ಗುವುದಿಲ್ಲ. ಪಟ್ಟಿಯನ್ನು ಕೆಳಗೆ ಇಳಿಸಿ ಕಟ್ಟಲು ಎರಡನೇ ಕೊಂಡಿ ಇದ್ದರೆ ಬಹಳ ಅನುಕೂಲ.

ಬದಿಯಲ್ಲಿ ಒಂದು ಹಿಡಿಕೆ, ತುದಿಯಲ್ಲಿ ಇನ್ನೊಂದು ಹಿಡಿಕೆ ಬೇಕು. ಇಕ್ಕಟ್ಟಾದ ಮೆಟ್ಟಿಲಲ್ಲಿ ತುದಿಯ ಹಿಡಿಕೆಯ ಬೆಲೆ ಗೊತ್ತಾಗುತ್ತದೆ. ಚಕ್ರ ಇದ್ದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ನುಣುಪು ನೆಲದ ಮೇಲೆ ಸರಿ. ಒರಟು ರಸ್ತೆಯಲ್ಲಿ ಆ ಅದುರು ಪೂರ್ತಿ ಒಳಗೆ ಹೋಗುತ್ತದೆ. ಸ್ಕ್ರೂಗಳು ಸಡಿಲವಾಗುತ್ತವೆ, ಬೆಸುಗೆಗೂ ಒಳ್ಳೆಯದಲ್ಲ. ಹಾಗಾಗಿ ಚಕ್ರ ನೋಡಿ ಮರುಳಾಗಬೇಡಿ.

ಚಿಲಕಗಳು ಮೂರಾದರೂ ಇರಲಿ. ಎರಡೇ ಇದ್ದು ಒಂದು ಕೈಕೊಟ್ಟರೆ ಅಷ್ಟು ಉದ್ದದ ಮುಚ್ಚಳ ಒಂದು ಕಡೆ ಬಾಯಿ ಬಿಡುತ್ತದೆ. ಜಿಪ್ ಇರುವ ಬ್ಯಾಗಾದರೆ ಹಲ್ಲು ದಪ್ಪಗಿರಲಿ, ಜಿಪ್‌ನ ಒಳಬದಿಯಲ್ಲಿ ಬಟ್ಟೆಯ ಅಂಚು ಇರಲಿ. ಇಲ್ಲದಿದ್ದರೆ ಪ್ರತಿ ಸಲ ತೆಗೆಯುವಾಗ ಹಲ್ಲು ಬೆಲ್ ಮೇಲೆ ಗೀರು ಹಾಕುತ್ತದೆ.

ಒಳಬಟ್ಟೆಯನ್ನು ಮುಟ್ಟಿ ನೋಡುವವರು ಬಹಳ ಮಂದಿ, ಮೂಸಿ ನೋಡುವವರು ಕಡಿಮೆ. ಹೊಸ ಕೇಸಿಗೆ ಗೋಂದಿನ ಘಾಟು ಇದ್ದರೆ ಕೆಲವು ದಿನ ನೆರಳಲ್ಲಿ ತೆರೆದಿಡಿ, ಘಾಟು ಹೋದ ಮೇಲೆ ವಾದ್ಯ ಇಡಿ. ಬೆಳ್ಳಿ ಲೇಪದ ಮೌತ್‌ಪೀಸನ್ನು ರಬ್ಬರ್ ಇರುವ ಜಾಗಕ್ಕೆ ತಾಗಿಸಿ ಇಡಲೇಬೇಡಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮೌತ್‌ಪೀಸುಗಳಿಗೆ ಬೇರೆ ಬೇರೆ ಚಿಕ್ಕ ಚೀಲ, ಆ ಚೀಲಗಳಿಗೆ ಮುಚ್ಚಳವಿರುವ ಗೂಡು. ಸಣ್ಣ ಬೋರ್ ಮತ್ತು ದೊಡ್ಡ ಬೋರ್ ವಾದ್ಯಗಳ ಮೌತ್‌ಪೀಸ್ ಬುಡ ಒಂದೇ ಅಳತೆಯದಲ್ಲ. ಅವಸರದಲ್ಲಿ ಅದಲುಬದಲಾಗದ ಹಾಗೆ ಎರಡು ಬಣ್ಣದ ಚೀಲ ಹೊಲಿಸಿಡಿ. ಸಡಿಲ ಮೌತ್‌ಪೀಸ್ ಒಂದು ಕೇಸಿನೊಳಗೆ ಉರುಳಾಡಿದರೆ ಸಾಕು, ಹೊರಗಿನ ಪೆಟ್ಟೇ ಬೇಡ.

ಮ್ಯೂಟುಗಳನ್ನು ಇದೇ ಪೆಟ್ಟಿಗೆಗೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಲೋಹದ ಮ್ಯೂಟು, ಕಬ್ಬಿಣದ ಸ್ಟ್ಯಾಂಡು ಖಂಡಿತ ಬೇಡ. ಅವಕ್ಕೆ ಬೇರೆ ಕೈಚೀಲ ಇಟ್ಟುಕೊಳ್ಳಿ. ಸ್ಲೈಡ್ ಕ್ರೀಮು, ನೀರು ಚಿಮುಕಿಸುವ ಸಣ್ಣ ಬಾಟಲಿ, ಒರೆಸುವ ಬಟ್ಟೆ ಇಷ್ಟಕ್ಕೆ ಹೊರಜೇಬು ಸಾಕು. ಬಾಟಲಿ ಒಳಗೆ ಬೇಡ, ಸೋರಿದರೆ ಫೋಮ್ ಒಣಗುವುದು ತಡ.

ಅಂಗಡಿಗೆ ಎರಡೂ ವಾದ್ಯ ಒಯ್ಯಿರಿ. ಸ್ಲೈಡ್ ಬೀಗ ಹಾಕಿ, ಎರಡನ್ನೂ ಒಳಗಿಟ್ಟು ಮುಚ್ಚಿ. ಮುಚ್ಚಳ ಹಾಕಲು ಮೊಣಕೈ ಊರಬೇಕಾಗಿ ಬಂದರೆ ಅಲ್ಲಿಗೇ ಬಿಡಿ. ಬಳಸಿ ಬಳಸಿ ಸಡಿಲವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಸಡಿಲವಾಗುವುದು ಫೋಮೋ ಸ್ಲೈಡೋ ಯಾರಿಗೆ ಗೊತ್ತು? ಮುಚ್ಚಿದ ಮೇಲೆ ಎತ್ತಿ ಹಿಡಿದು, ನಿಧಾನವಾಗಿ ನಾಲ್ಕೂ ಕಡೆಗೆ ವಾಲಿಸಿ ಕಿವಿಗೊಡಿ. ದಡಕ್ ಅನ್ನುವ ಸದ್ದು ಬಂದರೆ ಯಾವುದೋ ಒಂದು ಓಡಾಡುತ್ತಿದೆ. ಕೊನೆಗೆ ಹೊರತೆಗೆದು, ಒಳಸ್ಲೈಡನ್ನು ಕೈಯಲ್ಲಿ ನೇರ ಹಿಡಿದು ಬೀಗ ಬಿಡಿಸಿ. ಹೊರಸ್ಲೈಡ್‌ಗೆ ಕೆಳಗಿನಿಂದ ಇನ್ನೊಂದು ಕೈ ಕೊಟ್ಟಿರಿ. ಅದು ತನ್ನ ಭಾರಕ್ಕೇ ಸಲೀಸಾಗಿ ಇಳಿಯಬೇಕು. ಕೇಸಿಗೆ ಹಾಕುವ ಮುಂಚೆಯೂ ಹೀಗೇ ನೋಡಿರಿ, ಆಗ ವ್ಯತ್ಯಾಸ ತಿಳಿಯುತ್ತದೆ.

ವಿಮಾನದಲ್ಲಿ ಹೋಗುವವರು ಕೊಳ್ಳುವ ಮುಂಚೆ ಲೆಕ್ಕ ಹಾಕಿ. ಅನೇಕ ವಿಮಾನ ಸಂಸ್ಥೆಗಳು ಒಪ್ಪಿಸುವ ಸಾಮಾನಿಗೆ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂಟಿಮೀಟರ್ ಮಿತಿ ಇಟ್ಟಿರುತ್ತವೆ. 95, 35, 30ರ ಪೆಟ್ಟಿಗೆ ಕೂಡಿದರೆ 160. ಎರಡೇ ಸೆಂಟಿಮೀಟರಿಗೆ ಜಗಳ. ತಿರುಪಿ ಬಿಚ್ಚುವ ಬೆಲ್ ಇರುವ ವಾದ್ಯಗಳಾದರೆ ಪೆಟ್ಟಿಗೆ ಚಪ್ಪಟೆಯಾಗಿ ಈ ಮಿತಿಯೊಳಗೆ ಬರುತ್ತದೆ. ಜೋಡಿ ಮೆತ್ತನೆ ಬ್ಯಾಗನ್ನು ಮಾತ್ರ ಯಾವ ಕಾರಣಕ್ಕೂ ವಿಮಾನದ ಹೊಟ್ಟೆಗೆ ಕೊಡಬೇಡಿ.

ಜೋಡಿ ಕೇಸು ಬಂದಿತು ಅಂತ ಒಂಟಿ ಕೇಸುಗಳನ್ನು ಕೊಟ್ಟುಬಿಡಬೇಡಿ. ಒಂದೇ ವಾದ್ಯ ಬೇಕಾದ ದಿನ ಎರಡನ್ನೂ ಹೊರುವುದು ಬೇಡ, ಅರ್ಧ ಖಾಲಿ ಪೆಟ್ಟಿಗೆಯಲ್ಲಿ ಒಂದನ್ನು ಒಯ್ಯುವುದೂ ಬೇಡ, ತೂಕ ಒಂದು ಕಡೆ ವಾಲುತ್ತದೆ. ನುಡಿಸಿ ಬಂದ ಮೇಲೆ ಎರಡು ವಾದ್ಯದ ತೇವ ಒಂದೇ ಪೆಟ್ಟಿಗೆಯಲ್ಲಿ ಸೇರಿರುತ್ತದೆ ಅನ್ನುವುದನ್ನೂ ಮರೆಯಬೇಡಿ. ಕೊಳವೆಯ ನೀರು ಬಸಿದು, ಸ್ಲೈಡ್ ಒರೆಸಿ ಒಳಗಿಡಿ. ಮನೆಗೆ ಬಂದ ತಕ್ಷಣ ಮುಚ್ಚಳ ತೆರೆದು, ಗಾಳಿಯಾಡುವ ಕಡೆ ಒಂದೆರಡು ಗಂಟೆ ಹಾಗೇ ಬಿಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ, ಒಂದೊಂದು ಬೆಲ್ ಹತ್ತಿರ ಒಂದೊಂದು.